ಕೂಜ್‌ನ ಲಾಂಡ್ರಿಯಿಂದ ಕೆನಡಾದ ರಾಕ್ ಬ್ಯಾಂಡಿಗೆ

ಬೆಳಗಿನ ಐದು ಗಂಟೆ. ದುಬೈಯ ಅಲ್ ಕೂಜ್‌ನಲ್ಲಿ ಗೋದಾಮುಗಳ ಶಟರುಗಳೆಲ್ಲ ಇನ್ನೂ ಇಳಿದೇ ಇವೆ. ಒಂದು ಮಾತ್ರ ಅರ್ಧಕ್ಕೆ ಎದ್ದಿದೆ. ಅದರ ಅಡಿಯಿಂದ ಹಬೆಯೂ ಸೋಪಿನ ವಾಸನೆಯೂ ರಸ್ತೆಗೆ ಬರುತ್ತಿವೆ. ಒಳಗೆ ಆಳೆತ್ತರದ ವಾಷಿಂಗ್ ಮೆಶಿನ್‌ಗಳು ಗುಡುಗುತ್ತಿವೆ. ರಾತ್ರಿ ಹೋಟೆಲುಗಳಿಂದ ಬಂದ ಬೆಡ್‌ಶೀಟು, ಟವೆಲು, ದಿಂಬಿನ ಕವರುಗಳ ಗುಡ್ಡೆಯ ನಡುವೆ, ಕೈಯಲ್ಲೊಂದು ಹಾಲಿಲ್ಲದ ಸುಲೈಮಾನಿ ಚಹಾ ಹಿಡಿದು ಮೊರಿಸ್ ಮಥಾಯಸ್ ನಿಂತಿದ್ದಾರೆ.

"ಆ ಏಳನೇ ನಂಬರ್ ಉಂಟಲ್ಲ, ಅದು ಸ್ವಲ್ಪ ಕುಂಟುತ್ತದೆ. ಬೇರಿಂಗ್ ಹೋಗಿದೆ. ಆದ್ರೆ ಕೇಳ್ಲಿಕ್ಕೆ ಎಂಥ ಚಂದ! ರಿಪೇರಿಗೆ ಕೊಡ್ಬೇಡಿ ಅಂತ ಬಾಯಿ ಬಿಟ್ಟು ಹೇಳ್ಲಿಕ್ಕಾಗ್ತದಾ?" ಎಂದು ನಗುತ್ತಾರೆ. ನಗುತ್ತಲೇ ಒದ್ದೆ ಶೀಟುಗಳ ಒಂದು ಟ್ರಾಲಿಯನ್ನು ಸೊಂಟದಿಂದ ದೂಡಿ ಡ್ರೈಯರ್ ಕಡೆಗೆ ಕಳಿಸುತ್ತಾರೆ. ದಿನಕ್ಕೆ ಆರು ಟನ್ ಬಟ್ಟೆ ಇವರ ಕಣ್ಣೆದುರು ಒಗೆದು, ಒಣಗಿ, ಮಡಚಿ ಹೋಗುತ್ತದೆ. ನಾವು ನೀವು ಹೋಟೆಲಿನಲ್ಲಿ ಬೆಳ್ಳಗಿನ ಹಾಸಿಗೆಯ ಮೇಲೆ ಬೆನ್ನು ಚಾಚುವಾಗ, ಅದರ ಹಿಂದೆ ಇಂಥ ಒಬ್ಬರು ನಾಲ್ಕು ಗಂಟೆಗೇ ಎದ್ದು ಬಂದಿದ್ದರು ಎಂಬ ಯೋಚನೆ ನಮಗೆ ಬರುವುದಿಲ್ಲ.

ಮೊರಿಸ್ ಅವರಿಗೀಗ ನಲವತ್ತಾರು. ಊರು ಉಡುಪಿ ಕಡೆಯ ಶಿರ್ವ. ಗಲ್ಫಿನಲ್ಲಿ ಮಂಗಳೂರು ಕಡೆಯ ಹಾಡುಗಾರರಿಗೆ, ನಾಟಕದವರಿಗೆ ಬರಗಾಲವಿಲ್ಲ. ವೇದಿಕೆಯಲ್ಲಿ ಶಾಲು ಹೊದ್ದು ನಿಂತವರ ಫೋಟೊ ವಾರಕ್ಕೊಂದಾದರೂ ಬರುತ್ತದೆ. ಅಂಥ ಯಾವ ಫೋಟೊದಲ್ಲೂ ಮೊರಿಸ್ ಇಲ್ಲ. ಇಂದು ಕೆನಡಾದ ರೇಡಿಯೊಗಳಲ್ಲಿ ದಿನಾ ಕೇಳಿಬರುವ 'ನಾರ್ತ್ ಆಫ್ ಕೂಜ್' ಎಂಬ ರಾಕ್ ಬ್ಯಾಂಡಿನ ಮೊದಲ ಡ್ರಮ್ಮರ್ ಇವರೇ ಎಂಬುದು ಇವರೊಂದಿಗೆ ಪ್ರತಿವಾರ ಚರ್ಚಿನ ಪೂಜೆಗೆ ಬರುವ ಇಗರ್ಜಿಯ ಜನರಿಗೂ ಮೊನ್ನೆಯವರೆಗೆ ಗೊತ್ತಿರಲಿಲ್ಲ.

ಕಥೆ ಶುರುವಾದದ್ದು ಜಗಳದಿಂದ.

ಲಾಂಡ್ರಿಯ ಪಕ್ಕದ ಗೋದಾಮು ಬಹಳ ಕಾಲ ಖಾಲಿಯಿತ್ತು. 2012ರಲ್ಲಿ ಮೂವರು ಕೆನಡಿಯನ್ನರು ಅದನ್ನು ಬಾಡಿಗೆಗೆ ಹಿಡಿದರು. ಮಿರ್ದಿಫ್‌ನ ಶಾಲೆಯೊಂದರ ಟೀಚರ್ ಮಿರೇಲ್, ಅವರ ಗಂಡ ಡ್ವೇನ್, ಇಬ್ಬರ ಗೆಳೆಯ ಕಾನರ್. ಮಿರೇಲ್ ಹಾಡುತ್ತಾರೆ, ಡ್ವೇನ್ ಗಿಟಾರ್, ಕಾನರ್ ಬೇಸ್ ಗಿಟಾರ್. ಜೊತೆಗೆ ನಾಲ್ಕನೆಯವರೊಬ್ಬರಿದ್ದರು. ಬ್ಯಾಂಡಿಗೆ ಹೆಸರಿಡುವ ಮೊದಲೇ ರಜೆಗೆಂದು ಕೆನಡಾಕ್ಕೆ ಹೋದವರು ಮರಳಲೇ ಇಲ್ಲ. ಅವರ ಡ್ರಮ್ ಸೆಟ್ ಮಾತ್ರ ಮೂಲೆಯಲ್ಲಿ ಕೂತಿತ್ತು.

ಎರಡೂ ಗೋದಾಮಿಗೆ ಕರೆಂಟಿನ ಲೈನ್ ಒಂದೇ. ಅವರು ಅಲ್ಲಿ ಆಂಪ್ಲಿಫೈಯರ್ ಹಾಕಿದರೆ ಇಲ್ಲಿ ಮೆಶಿನ್‌ಗಳು ಗಪ್ಪಾಗುತ್ತಿದ್ದವು.

"ಒಳಗೆ ನೀರು ತುಂಬಿ ಕೂತ ಬಟ್ಟೆ. ಬಾಗಿಲು ತೆಗೀಲಿಕ್ಕಿಲ್ಲ. ಆಚೆಯಿಂದ ಹೋಟೆಲಿನವರ ಫೋನಿನ ಮೇಲೆ ಫೋನು. ನಂಗೆ ಮಂಡೆ ಬಿಸಿಯಾಯ್ತು. ಬೈಲಿಕ್ಕೇ ಹೋದದ್ದು ನಾನು, ಮಾರಾಯ್ರೆ. ಇಂಗ್ಲಿಷಲ್ಲಿ ಎಂತೆಂತ ಬೈಬೇಕು ಅಂತ ದಾರಿಯಲ್ಲೇ ಜೋಡಿಸ್ಕೊಂಡಿದ್ದೆ."

ಬೈಗುಳ ಅರ್ಧಕ್ಕೇ ನಿಂತಿತು. ಮೂಲೆಯ ಡ್ರಮ್ ಸೆಟ್ ಕಣ್ಣಿಗೆ ಬಿದ್ದಿತ್ತು. ಹೇಳಬೇಕಾದುದನ್ನೆಲ್ಲ ಮರೆತ ಮೊರಿಸ್, "ಒಂದ್ಸಲ ಹೊಡೀಬಹುದಾ?" ಎಂದು ಕೇಳಿಬಿಟ್ಟರು.

ಶಿರ್ವದಲ್ಲಿ ಇವರ ತಾಯಿಯ ಅಣ್ಣ ರುಡೊಲ್ಫ್ ಅವರದೊಂದು ಬ್ಯಾಂಡ್ ಇತ್ತು. ಟ್ರಂಪೆಟ್, ಕ್ಲಾರಿನೆಟ್, ಒಂದು ದೊಡ್ಡ ಡ್ರಮ್, ಒಂದು ಸಣ್ಣ ಡ್ರಮ್. ಮದುವೆಯ ಮುನ್ನಾದಿನ ಮದುಮಕ್ಕಳಿಗೆ ತೆಂಗಿನ ಹಾಲು ಹಚ್ಚುವ ರೋಸ್, ಇಗರ್ಜಿಯ ಹಬ್ಬದ ಮೆರವಣಿಗೆ, ಯಾವುದೇ ಆಗಲಿ, ಸುತ್ತಲಿನ ಊರುಗಳಿಗೆ ಅದೇ ಬ್ಯಾಂಡ್. ಸಣ್ಣ ಡ್ರಮ್ಮಿನ ಬೆಲ್ಟು ಮೊರಿಸ್ ಹೆಗಲಿಗೆ ಬಿದ್ದಾಗ ಅವರಿನ್ನೂ ಶಾಲೆಗೆ ಹೋಗುತ್ತಿದ್ದರು. 1998ರಲ್ಲಿ ದುಬೈಗೆ ಬರುವಾಗ ಡ್ರಮ್ ಕೋಲುಗಳನ್ನು ಅಟ್ಟದ ಮೇಲಿಟ್ಟು ಬಂದವರು ಮತ್ತೆ ಡ್ರಮ್ ಮುಟ್ಟಿರಲಿಲ್ಲ.

ಆ ದಿನ ಮುಟ್ಟಿದರು. ಕೆನಡಾದ ಮಂಕ್ಟನ್ ಪಟ್ಟಣದಿಂದ ಫೋನಿನಲ್ಲಿ ಮಾತನಾಡುವ ಮಿರೇಲ್ ಆ ಸಂಜೆಯನ್ನು ನೆನೆದು ಈಗಲೂ ನಗುತ್ತಾರೆ. "ಸಿಟ್ಟಿನಲ್ಲಿ ಕೆಂಪಗಾಗಿದ್ದ ಮನುಷ್ಯ, ಕಾಲಲ್ಲಿ ರಬ್ಬರ್ ಬೂಟು, ಕೂತು ನುಡಿಸತೊಡಗಿದ. ಅದು ರಾಕ್ ಅಲ್ಲ, ಜಾಝ್ ಅಲ್ಲ. ಯಾರದೋ ಮನೆಯಲ್ಲಿ ಮದುವೆ ನಡೆಯುತ್ತಿರುವ ಹಾಗಿತ್ತು. ಡ್ವೇನ್ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ."

ಲಾಂಡ್ರಿಯ ಮ್ಯಾನೇಜರ್ ಉಪ್ಪಳದ ಮುಹಿಯುದ್ದೀನ್. ಕರೆಂಟಿನ ಜಗಳವನ್ನು ಮುಗಿಸಿದವರು ಅವರೇ. ಅಲ್ಲಿ ಆಗ ವಾರದ ರಜೆ ಶುಕ್ರವಾರ, ಮಧ್ಯಾಹ್ನ ಹೇಗೂ ಕೆಲಸ ಕಡಿಮೆ. ಆಗ ಮೆಶಿನ್‌ಗಳನ್ನು ನಿಲ್ಲಿಸಿ ಎಣ್ಣೆ ಹಾಕುವುದು, ಅಷ್ಟು ಹೊತ್ತು ಬ್ಯಾಂಡಿನವರು ಬಡಿದುಕೊಳ್ಳಲಿ ಎಂದು ತೀರ್ಮಾನವಾಯಿತು. ಬೆಳಿಗ್ಗೆ ಇಗರ್ಜಿ, ಮಧ್ಯಾಹ್ನ ಮನೆಯಲ್ಲಿ ಮೀನು ಊಟ, ಆಮೇಲೆ ಡ್ರಮ್ಸ್. ಮೊರಿಸ್ ಅವರ ಶುಕ್ರವಾರ ಹೀಗೆ ತುಂಬಿಕೊಂಡಿತು.

ಇಂಟರ್‌ನ್ಯಾಷನಲ್ ಸಿಟಿ ಬಡಾವಣೆಯ ಒಂದು ಕೋಣೆಯ ಫ್ಲ್ಯಾಟಿನಲ್ಲಿ ಹೆಂಡತಿ ಪ್ಯಾಟ್ರಿಶಿಯಾ ಇದನ್ನೆಲ್ಲ ಮೊದಮೊದಲು ತಮಾಷೆ ಎಂದುಕೊಂಡಿದ್ದರು. ಅವರು ದಂತ ಚಿಕಿತ್ಸಾಲಯವೊಂದರಲ್ಲಿ ರಿಸೆಪ್ಶನಿಸ್ಟ್. "ಇವ್ರು ಸೋಫಾದ ಕುಶನ್ ಮೇಲೆ ಪ್ರಾಕ್ಟೀಸ್. ಕುಶನ್ ಹರಿದ ಮೇಲೆ ಮಗಳ ದಿಂಬು. ಅವಳು ಕೂಗ್ತಿದ್ಳು, 'ಡ್ಯಾಡಾ, ದ್ಯಾಟ್ಸ್ ಮೈ ಪಿಲ್ಲೋ!' ಅಂತ. ಕಡೆಗೆ ನಾನೇ ಒಂದು ರಬ್ಬರಿನ ಪ್ಯಾಡ್ ತಂದುಕೊಟ್ಟೆ. ಇಲ್ದಿದ್ರೆ ಮನೆಯಲ್ಲಿ ಮಲಗ್ಲಿಕ್ಕೆ ಎಂತ ಉಳೀತಿತ್ತು?"

ಬ್ಯಾಂಡಿನ ಮೊದಲ ಹೆಸರಾಂತ ಹಾಡು ಹುಟ್ಟಿದ್ದೂ ಆ ಹಾಳು ಲೈನಿನಿಂದಲೇ. ಒಂದು ಶುಕ್ರವಾರ ನುಡಿಸುತ್ತಿದ್ದಾಗ ಕರೆಂಟು ಹೋಯಿತು. ಗಿಟಾರುಗಳು ಸತ್ತವು, ಮೈಕು ಸತ್ತಿತು. ಡ್ರಮ್ಮಿಗೆ ಕರೆಂಟು ಬೇಡವಲ್ಲ, ಮೊರಿಸ್ ನಿಲ್ಲಿಸಲಿಲ್ಲ. ಕತ್ತಲಲ್ಲಿ ಕೈ ತನ್ನಷ್ಟಕ್ಕೆ ರುಡೊಲ್ಫ್ ಮಾವನ ಮದುವೆ ಮೆರವಣಿಗೆಯ ಬಡಿತಕ್ಕೆ ಹೊರಳಿತು. ಮಿರೇಲ್ ಮೈಕಿಲ್ಲದೆ, ಬರಿಗಂಟಲಿನಲ್ಲಿ, ಬಾಯಿಗೆ ಬಂದ ಮಾತು ಸೇರಿಸಿ ಹಾಡತೊಡಗಿದರು. ಕರೆಂಟು ಬರುವಷ್ಟರಲ್ಲಿ ಅರ್ಧ ಹಾಡು ತಯಾರಾಗಿತ್ತು. ಅದಕ್ಕೆ 'ಲೈಟ್ಸ್ ಔಟ್ ಇನ್ ಕೂಜ್' ಎಂದು ಹೆಸರಿಟ್ಟರು.

ಆಮೇಲಿನ ಎರಡು ವರ್ಷ ಸಣ್ಣಪುಟ್ಟ ಕಾರ್ಯಕ್ರಮಗಳು. ಶಾಲೆಯ ವಾರ್ಷಿಕೋತ್ಸವ, ಕೆನಡಾದವರ ಕೂಟ, ಒಂದೆರಡು ಹೋಟೆಲು. ವೇದಿಕೆ ಹತ್ತಬೇಕಾದರೆ ಮೊರಿಸ್‌ಗೆ ಕಂಪನಿಯ ಎನ್‌ಒಸಿ ಬೇಕು. "ಲಾಂಡ್ರಿಯವನಿಗೆ ಡ್ರಮ್ ಬಡೀಲಿಕ್ಕೆ ಪರ್ಮಿಶನ್!" ಎಂದು ಮುಹಿಯುದ್ದೀನ್ ಹಣೆ ಚಚ್ಚಿಕೊಳ್ಳುತ್ತಾರೆ. "ಇಷ್ಟು ವರ್ಷದಲ್ಲಿ ಇಂಥದ್ದೊಂದು ಲೆಟರ್ ನಾನು ಬರ್ದಿಲ್ಲ. ಆದ್ರೂ ಬರ್ದೆ. ಅವ್ನ ಮುಖ ನೋಡಿದ್ರೆ ಇಲ್ಲ ಅನ್ಲಿಕ್ಕೆ ಬಾಯಿ ಬರ್ಬೇಕಲ್ಲ?"

2014ರ ಡಿಸೆಂಬರಿನಲ್ಲಿ ಅಬುಧಾಬಿಯ ದೊಡ್ಡ ಹೋಟೆಲೊಂದರಿಂದ ಕರೆ ಬಂತು. ಹೊರಡುವ ಹೊತ್ತಿಗೆ ಡ್ವೇನ್ ಅವರ ವ್ಯಾನ್ ಕೆಟ್ಟಿತು. ಮುಹಿಯುದ್ದೀನ್ ತಡಮಾಡಲಿಲ್ಲ. "ಯಲ್ಲಾ, ನಡೀರಿ, ನಮ್ಮದ್ರಲ್ಲೇ ಹೋಗಿ" ಎಂದು ಲಾಂಡ್ರಿಯ ವ್ಯಾನಿನ ಕೀಲಿ ಕೊಟ್ಟರು. ಡ್ರಮ್ಮುಗಳಿಗೆ ಗೀರು ಬೀಳದಂತೆ ಹಳೇ ಬೆಡ್‌ಶೀಟು ಸುತ್ತಿದರು. ಹೋಟೆಲಿನ ಗೇಟಿನಲ್ಲಿ ಸೆಕ್ಯುರಿಟಿಯವರು ವ್ಯಾನಿನ ಮೇಲಿನ ಹೆಸರು ಓದಿದರು, ಒಳಗಿನ ಬಿಳಿ ಗಂಟುಗಳನ್ನು ನೋಡಿದರು, ಎರಡನೇ ಮಾತಿಲ್ಲದೆ ಹಿಂದಿನ ದಾರಿ ತೋರಿಸಿದರು.

"ಡ್ವೇನ್ ಎಷ್ಟು ಹೇಳಿದ್ರೂ ಕೇಳ್ಲಿಲ್ಲ ಅವ್ರು. 'ಬ್ಯಾಂಡ್ ಮಾಫಿ, ಬ್ಯಾಂಡ್ ಇಲ್ಲ, ಲಾಂಡ್ರಿ, ಲಾಂಡ್ರಿ' ಅಂತ ಒಂದೇ ಹಟ!" ಮೊರಿಸ್ ಹೊಟ್ಟೆ ಹಿಡಿದು ನಗುತ್ತಾರೆ. "ಕಡೆಗೆ ನಾನು ಹೇಳಿದೆ, ಬನ್ನಿ, ಹೋಟೆಲುಗಳ ಹಿಂದಿನ ದಾರಿ ನಂಗೆ ಗೊತ್ತಿಲ್ದೆ ಯಾರಿಗೆ ಗೊತ್ತು ಅಂತ. ನೆಲಮಾಳಿಗೆಯಲ್ಲಿ ಮೈಲಿಗೆ ಬಟ್ಟೆಯ ಟ್ರಾಲಿಗಳ ಮಧ್ಯೆ ಗಿಟಾರ್ ಹೊತ್ತ ಮೂರು ಬಿಳಿಯರು, ಮುಂದೆ ನಾನು. ಸರ್ವಿಸ್ ಲಿಫ್ಟಿನಲ್ಲಿ ಸೀದಾ ಸ್ಟೇಜಿನ ಹಿಂದೆ ಹೋಗಿ ಇಳಿದೆವು. ಅಷ್ಟು ನಗಾಡಿ ಬಂದವರಿಗೆ ಹೆದರಿಕೆ ಎಲ್ಲಿ ಉಳೀತದೆ? ಆ ದಿನದ ಹಾಗೆ ನಾವು ಮತ್ತೆಂದೂ ನುಡಿಸ್ಲಿಲ್ಲ."

ಆ ಸಭೆಯಲ್ಲಿ ತಂಗಿಯ ಮನೆಗೆಂದು ಬಂದಿದ್ದ ಕೆನಡಾದ ಹ್ಯಾಲಿಫ್ಯಾಕ್ಸಿನ ಮಹಿಳೆಯೊಬ್ಬರಿದ್ದರು. ಅಲ್ಲೊಂದು ಸಣ್ಣ ರೆಕಾರ್ಡ್ ಕಂಪನಿ ಅವರದು. ಒಂದು ಆಲ್ಬಮ್ ಮಾಡೋಣ, ಕೆನಡಾದ ಊರೂರು ಸುತ್ತೋಣ ಎಂದರು. ಡ್ವೇನ್ ಅವರ ಕೆಲಸದ ಕರಾರು ಹೇಗೂ ಮುಗಿಯುತ್ತಿತ್ತು. ಉಳಿದವರೂ ಗಂಟುಮೂಟೆ ಕಟ್ಟಿದರು. ಮೊರಿಸ್ ಬರದೆ ಹೊರಡುವುದಿಲ್ಲ ಎಂದು ಹಟ ಹಿಡಿದರು.

ಊರಿಗೆ ಹೋಗಲೆಂದು ಕೂಡಿಸಿಟ್ಟ ಎರಡು ವರ್ಷದ ರಜೆ ಇತ್ತು. ಅದನ್ನೆಲ್ಲ ಕೆನಡಾಕ್ಕೆ ಸುರಿಯುವುದೇ? ಹೆಂಡತಿಯ ಮುಂದೆ ಮಾತೆತ್ತಲು ಮೊರಿಸ್‌ಗೆ ಧೈರ್ಯ ಬರಲಿಲ್ಲ. ಪ್ಯಾಟ್ರಿಶಿಯಾ ಅವರೇ ಎತ್ತಿದರು: "ಹೋಗಿ ಬನ್ನಿ. ಹೋಗದಿದ್ರೆ 'ಹೋಗ್ಬೇಕಿತ್ತು, ಹೋಗ್ಬೇಕಿತ್ತು' ಅಂತ ಸಾಯುವ ತನಕ ನನ್ನ ಮಂಡೆ ತಿಂತೀರಿ. ಇಗರ್ಜಿಯಲ್ಲಿ ಮಗಳ ಮೊದಲ ಕೊಮ್ಯುನಿಯನ್ ಮೇ ತಿಂಗಳಲ್ಲಿ. ಅದಕ್ಕೆ ಮೊದಲು ಮನೆಯಲ್ಲಿರಿ. ಅಷ್ಟೇ."

2015ರ ಮಾರ್ಚಿನಲ್ಲಿ, ಗೆಳೆಯರಿಂದ ಎರವಲು ಪಡೆದ ಎರಡು ಜಾಕೆಟ್ ಒಂದರ ಮೇಲೊಂದು ಹಾಕಿಕೊಂಡು ಮೊರಿಸ್ ಹ್ಯಾಲಿಫ್ಯಾಕ್ಸಿನಲ್ಲಿ ಇಳಿದರು. ಮೊದಲ ವಾರ ರೆಕಾರ್ಡಿಂಗ್. ಆಮೇಲೆ ವ್ಯಾನು, ಹೆದ್ದಾರಿ, ಹಿಮ. ಊರಿಂದೂರಿಗೆ ದಿನವಿಡೀ ಪ್ರಯಾಣ. ಒಮ್ಮೆ ಐಸ್ ಹಾಕಿ ಪಂದ್ಯ ಆಡುವ ಅಂಗಳದ ಪಕ್ಕದ ಸಭಾಂಗಣದಲ್ಲಿ ಎದುರಿಗೆ ನಲವತ್ತು ಜನ. ಇನ್ನೊಮ್ಮೆ ಒಳಗೆ ಕಾಲಿಡಲೂ ಜಾಗವಿಲ್ಲ. "ಬೆರಳು ಮರಗಟ್ಟಿ ಕೋಲು ಹಿಡೀಲಿಕ್ಕೇ ಆಗ್ತಿರ್ಲಿಲ್ಲ. ಲಾಂಡ್ರಿಯ ಡ್ರೈಯರಿನೊಳಗೆ ಒಂದು ಗಂಟೆ ಕೂತು ಬರ್ತೇನೆ ಅಂತ ಕಾಣ್ತಿತ್ತು," ಎನ್ನುತ್ತಾರೆ ಮೊರಿಸ್. "ಆದ್ರೆ ಜನ, ಮಾರಾಯ್ರೆ! ಮೆರವಣಿಗೆ ಪೆಟ್ಟು ಶುರುವಾದದ್ದೇ ತಡ, ಬೂಟುಗಾಲಲ್ಲಿ ಕುಣೀತಿದ್ರು."

ಏಪ್ರಿಲ್ ಕೊನೆಗೆ ರೆಜೈನಾ ಎಂಬ ಊರಿನಲ್ಲಿ ಆ ಪ್ರಶ್ನೆ ಬಂತು. ಬೇಸಿಗೆಯ ದೊಡ್ಡ ಉತ್ಸವಗಳಿಗೆ ಬ್ಯಾಂಡ್ ಆಯ್ಕೆಯಾಗಿತ್ತು. ಉಳಿದುಬಿಡು, ಪರ್ಮಿಟಿಗೆ ನಾವು ಓಡಾಡುತ್ತೇವೆ, ಆಮೇಲೆ ಹೆಂಡತಿ ಮಗಳನ್ನೂ ಕರೆಸಿಕೊಳ್ಳಬಹುದು ಎಂದರು ಡ್ವೇನ್. ಉತ್ಸವಗಳಿಗೆ ತಯಾರಿ ಮೇ ಮೊದಲ ವಾರದಿಂದ. ಮೊರಿಸ್ ಮನೆಗೆ ಫೋನು ಮಾಡಿದರು. ಆಚೆಯಿಂದ ಮಗಳು ಒಲಿವಿಯಾ ಕೇಳಿದ್ದು ಒಂದೇ ಪ್ರಶ್ನೆ: "ಆರ್ ಯು ಕಮಿಂಗ್ ಆರ್ ನಾಟ್, ಡ್ಯಾಡಾ? ಟೆಲ್ ಪ್ರಾಪರ್ಲಿ."

ಮರುದಿನ ಬೆಳಗಿನ ತಿಂಡಿಯ ಮೇಜಿನಲ್ಲಿ ಮೊರಿಸ್ ಹೇಳಿದರು, "ನಿಮಗೆ ಇನ್ನೊಬ್ಬ ಡ್ರಮ್ಮರ್ ಸಿಗ್ತಾನೆ. ಅವಳಿಗೆ ಇನ್ನೊಬ್ಬ ಅಪ್ಪ ಸಿಗ್ಲಿಕ್ಕಿಲ್ಲ." ಮಿರೇಲ್ ಅತ್ತರು. ಡ್ವೇನ್ ಆ ದಿನವೆಲ್ಲ ರಸ್ತೆಯ ಮೇಲೇ ಕಣ್ಣಿಟ್ಟು ವ್ಯಾನು ಓಡಿಸಿದರು. ಸಂಜೆಗೆ ಪೆಟ್ರೋಲ್ ಬಂಕಿನಲ್ಲಿ ಇಳಿದು, ಬಂದು ಮೊರಿಸ್ ಅವರನ್ನು ಗಟ್ಟಿಯಾಗಿ ತಬ್ಬಿಕೊಂಡರು. ಆ ವಾರವೇ ಜೊತೆ ಸೇರಿದ ಹೊಸ ಡ್ರಮ್ಮರ್ ರೆಜೈನಾದ ಯುವತಿ. ವ್ಯಾನಿನ ಹಿಂದಿನ ಸೀಟಿನಲ್ಲಿ, ಸೂಟ್‌ಕೇಸ್ ಮೇಲೆ ಬಡಿದು ಬಡಿದು ಮೊರಿಸ್ ಆಕೆಗೆ ಶಿರ್ವದ ಪೆಟ್ಟುಗಳನ್ನು ಹೇಳಿಕೊಟ್ಟರು. ಮೇ ತಿಂಗಳ ಆ ಶುಕ್ರವಾರ ಇಗರ್ಜಿಯಲ್ಲಿ, ಮೊದಲ ಬಾರಿ ಪರಮಪ್ರಸಾದ ಪಡೆಯಲು ಬಿಳಿ ಗೌನು ತೊಟ್ಟು ಕೂತ ಮಗಳ ಹಿಂದಿನ ಬೆಂಚಿನಲ್ಲಿ ಮೊರಿಸ್ ಇದ್ದರು.

ನೋವೇ ಆಗಲಿಲ್ಲವೆಂದಲ್ಲ. ಮರುವರ್ಷ ಬ್ಯಾಂಡಿನ ಒಂದು ದೊಡ್ಡ ಉತ್ಸವದ ವಿಡಿಯೊ ಬಂತು. ಸಮುದ್ರದಂತೆ ಜನ, ಡ್ರಮ್ಮಿನ ಹಿಂದೆ ಆ ಯುವತಿ. "ಚಂದ ನುಡಿಸಿದ್ಳು. ಅದೇ ಸಂಕಟ ಆದದ್ದು. ಕೆಟ್ಟದಾಗಿ ನುಡಿಸಿದ್ರೆ ಸಮಾಧಾನ ಇರ್ತಿತ್ತು," ಎಂದು ಮೊರಿಸ್ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಕೆಲವು ದಿನ ಮನೆಯಲ್ಲಿ ಊಟ ಸೇರಲಿಲ್ಲ. ಅದನ್ನು ಕಂಡು ಪ್ಯಾಟ್ರಿಶಿಯಾ ಮುಹಿಯುದ್ದೀನ್ ಅವರಿಗೆ ಫೋನು ಮಾಡಿದರು. ಕೆನಡಿಯನ್ನರು ಬಿಟ್ಟುಹೋಗಿದ್ದ ಡ್ರಮ್ ಸೆಟ್ ಲಾಂಡ್ರಿಯ ಸ್ಟೋರಿನಲ್ಲಿ ಧೂಳು ತಿನ್ನುತ್ತಿತ್ತು. ಆ ವಾರವೇ ಮುಹಿಯುದ್ದೀನ್ ಬಾಯ್ಲರಿನ ಹಿಂದಿನ ಕೋಣೆ ಖಾಲಿ ಮಾಡಿಸಿ, ಸೆಟ್ಟನ್ನು ಒರೆಸಿಟ್ಟು, "ಖಲಾಸ್. ಇನ್ನು ಮೋರೆ ಸಣ್ಣ ಮಾಡ್ಬೇಡ, ಬಡಿ," ಎಂದರು.

ಈಗ ಪ್ರತಿ ಶುಕ್ರವಾರ ಆ ಕೋಣೆಯಲ್ಲಿ ಗದ್ದಲವೋ ಗದ್ದಲ. ಬಟ್ಟೆ ಮಡಚುವ ನೇಪಾಳಿ ಗೆಳೆಯರೊಬ್ಬರು ಹಾಡುತ್ತಾರೆ, ಇಸ್ತ್ರಿ ವಿಭಾಗದ ಮಲಯಾಳಿಯೊಬ್ಬರು ಕೀಬೋರ್ಡು, ಡ್ರಮ್ಸ್ ಮೊರಿಸ್. ಒಮ್ಮೊಮ್ಮೆ ಒಲಿವಿಯಾ ಬಂದು ಕಿವಿ ಮುಚ್ಚಿಕೊಂಡು ಕೂರುತ್ತಾಳೆ. ಎದ್ದು ಮಾತ್ರ ಹೋಗುವುದಿಲ್ಲ. ಅತ್ತ 'ಲೈಟ್ಸ್ ಔಟ್ ಇನ್ ಕೂಜ್' ಕೆನಡಾದಲ್ಲಿ ಇನ್ನೂ ಓಡುತ್ತಲೇ ಇದೆ. ರೇಡಿಯೊದಲ್ಲಿ ಬರುವುದು ಆ ಮೊದಲ ರೆಕಾರ್ಡಿಂಗೇ, ಮೊರಿಸ್ ನುಡಿಸಿದ್ದೇ.

ಅಲ್ಲಿ ಹೆಸರು ಹೇಳಿದರೆ ಗುರುತು ಹಿಡಿಯುವವರಿಲ್ಲ, ಇಲ್ಲಿ ಇಷ್ಟು ದಿನ ಯಾರಿಗೂ ಗೊತ್ತಿರಲಿಲ್ಲ, ಬೇಸರವಿಲ್ಲವೇ ಎಂದು ಕೇಳಿದರೆ ಮೊರಿಸ್ ಇನ್ನೊಂದು ಟ್ರಾಲಿಯನ್ನು ಡ್ರೈಯರ್ ಕಡೆಗೆ ದೂಡುತ್ತಾರೆ.

"ಬೇಸರ ಎಂತಕ್ಕೆ? ಈಗ ಅಲ್ಲಿ ಯಾರೋ ಒಬ್ರು ಹಿಮದಲ್ಲಿ ಕಾರು ಓಡಿಸ್ತಾ ಇರ್ತಾರೆ. ರೇಡಿಯೊದಲ್ಲಿ ಆ ಹಾಡು ಬರ್ತದೆ. ಅವ್ರ ಬೆರಳು ಸ್ಟೇರಿಂಗ್ ಮೇಲೆ ಟಕ ಟಕ ಕುಟ್ತದೆ. ಅವ್ರಿಗೆ ಶಿರ್ವ ಗೊತ್ತಿಲ್ಲ, ಮೊರಿಸ್ ಗೊತ್ತಿಲ್ಲ. ಗೊತ್ತಿಲ್ದೇ ಶಿರ್ವದ ಮದುವೆಗೆ ಬಂದು ಹೋಗ್ತಾರೆ, ನೋಡಿ."