ಗಾಲಿ ನಿಂತಿತ್ತು, ಮುಳ್ಳು ಓಡಿತು

1998ರ ಮೇ 12, ಮಂಗಳವಾರ, ಸಂಜೆ ನಾಲ್ಕು ಗಂಟೆ ನಲವತ್ತು ನಿಮಿಷ. ಊರು ಬನಹಟ್ಟಿ. ನಾನು ಹೇಳಬೇಕಾದದ್ದು ಶುರುವಾದದ್ದು ಆಗ.

ದಿನಚರಿ ಬರೆಯುವುದು ನನಗೆ ಹೈಸ್ಕೂಲಿನಿಂದ ಬಂದ ರೂಢಿ. ಯಾವ ಗಾಡಿ ಬಂತು, ಏನು ಕೆಟ್ಟಿತ್ತು, ಎಷ್ಟು ಹೊತ್ತು ಹಿಡಿಯಿತು, ಎಲ್ಲವನ್ನೂ ಮಲಗುವ ಮೊದಲು ಬರೆದಿಡುತ್ತೇನೆ. ಪತ್ರಿಕೆಗಳಲ್ಲಿ ಬರುವ ವಿಚಿತ್ರ ಅನುಭವಗಳನ್ನು ಓದಿ ನಗುತ್ತಿದ್ದವನು ನಾನು. ತಾನಾಗಿ ಹತ್ತಿದ ದೀಪ, ತಾನಾಗಿ ಹಾಡಿದ ರೇಡಿಯೋ ಎಂದು ಯಾರಾದರೂ ಬರೆದರೆ, ಇವರು ವೈರು ಎಲ್ಲಿ ತಾಗಿದೆ ಎಂದು ನೋಡಿರಲಿಕ್ಕಿಲ್ಲ ಎಂದುಕೊಳ್ಳುತ್ತಿದ್ದೆ. ಈಗ ಆ ಮಾತನ್ನು ನೀವು ನನ್ನ ಬಗ್ಗೆ ಅಂದುಕೊಳ್ಳಬಹುದು. ನಾನು ನೋಡಿದ್ದೆ. ಏನು ಕಂಡಿತೋ ಅಷ್ಟನ್ನು ಹೇಳುತ್ತೇನೆ.

ನಾನು ಮುಧೋಳದವನು. ಆಟೊಮೊಬೈಲ್ ಡಿಪ್ಲೊಮಾ ಮುಗಿಸಿ ಆಗ ಜಮಖಂಡಿಯ ಒಂದು ಗ್ಯಾರೇಜಿನಲ್ಲಿ ಕೆಲಸಕ್ಕಿದ್ದೆ. ಬನಹಟ್ಟಿಯ ಚನ್ನಪ್ಪನವರ ಮನೆಯಿಂದ ಕರೆ ಬಂತು. ಅವರದು ಹಳೆಯ ನೇಕಾರರ ಮನೆತನ, ಈಗ ಪವರ್‌ಲೂಮು ಮತ್ತು ಸೀರೆ ವ್ಯಾಪಾರ. ಅವರ ಮಗ ಬಸವರಾಜ ಪುಣೆಯಿಂದ ತಂದ ಪರದೇಶಿ ಕಂಪನಿಯ ಬಿಳಿ ಕಾರೊಂದು ಮನೆಯಲ್ಲಿತ್ತು. ಅಂಥ ಕಾರು ಆಗ ನಮ್ಮ ಕಡೆ ಅಪರೂಪ. ಅದನ್ನು ಮಾರಬೇಕಾಗಿತ್ತು. ಆದರೆ ಎಂಜಿನ್ ಚಾಲು ಮಾಡಿದರೆ ಡ್ಯಾಶ್‌ಬೋರ್ಡಿನಲ್ಲಿ ಎಬಿಎಸ್‌ನ ಹಳದಿ ದೀಪ ಹತ್ತಿದ್ದು ಆರುತ್ತಿರಲಿಲ್ಲ. ಬಂದ ಗಿರಾಕಿಗಳು ಆ ದೀಪ ನೋಡಿ ಹಿಂದೆ ಸರಿಯುತ್ತಿದ್ದರು.

“ಆ ದೀಪದ ಬಲ್ಬ್ ಕಿತ್ತ ಒಗದ ಬಾರಲೇ ಡಿಪ್ಲೊಮಾ,” ಎಂದರು ನಮ್ಮ ಮಾಲೀಕರಾದ ಹುಸೇನಸಾಬರು. “ಬಲ್ಬ್ ಇಲ್ಲಂದ್ರ ಕಾರಿಗೆ ಯಾ ರೋಗಾನೂ ಇಲ್ಲ.” ಹಾಗೆಂದರೂ ಕರೆಂಟು ಅಳೆಯುವ ತಮ್ಮ ಮುಳ್ಳಿನ ಮೀಟರನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು.

ಎಬಿಎಸ್ ಎಂದರೇನು ಎಂದು ಇಲ್ಲಿ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಸಾದಾ ಕಾರಿನಲ್ಲಿ ಬ್ರೇಕನ್ನು ಜೋರಾಗಿ ತುಳಿದರೆ ಗಾಲಿ ಕಚ್ಚಿ ನಿಲ್ಲುತ್ತದೆ, ಕಾರು ಜಾರುತ್ತ ಮುಂದೆ ಹೋಗುತ್ತದೆ. ರಸ್ತೆಯ ಮೇಲೆ ಟೈರಿನ ಕಪ್ಪು ಗೆರೆ ಬೀಳುವುದು ಹೀಗೆ. ಎಬಿಎಸ್ ಇದ್ದರೆ ಗಾಲಿ ಕಚ್ಚುವ ಹೊತ್ತಿಗೆ ಬ್ರೇಕು ತಾನೇ ಸಡಿಲಾಗುತ್ತದೆ, ಮತ್ತೆ ಹಿಡಿಯುತ್ತದೆ, ಮತ್ತೆ ಸಡಿಲಾಗುತ್ತದೆ. ಕಣ್ಣಿಗೆ ಕಾಣುವಂಥ ಗೆರೆ ಬೀಳುವುದು ಕಡಿಮೆ. ಗಾಲಿ ಎಷ್ಟು ಜೋರಾಗಿ ತಿರುಗುತ್ತಿದೆ ಎಂದು ತಿಳಿಸಲು ಪ್ರತಿ ಗಾಲಿಯ ಹತ್ತಿರ ಹೆಬ್ಬೆರಳಿನಷ್ಟು ದೊಡ್ಡ ಸೆನ್ಸರ್ ಇರುತ್ತದೆ. ಗಾಲಿಯೊಂದಿಗೆ ಹಲ್ಲುಗಳಿರುವ ಉಂಗುರವೊಂದು ಅದರ ಮುಂದೆ ತಿರುಗಿದಾಗ ಸೆನ್ಸರಿನಲ್ಲಿ ಚೂರು ಕರೆಂಟು ಹುಟ್ಟುತ್ತದೆ. ಜೋರಾಗಿ ತಿರುಗಿದರೆ ಹೆಚ್ಚು, ನಿಂತರೆ ಏನೂ ಇಲ್ಲ. ಒಂದು ಸೆನ್ಸರ್ ಕೆಟ್ಟರೂ ಎಬಿಎಸ್ ಕೆಲಸ ಬಿಡುತ್ತದೆ, ಹಳದಿ ದೀಪ ಹತ್ತುತ್ತದೆ, ಬ್ರೇಕು ಸಾದಾ ಬ್ರೇಕಿನ ಹಾಗೆ ನಡೆಯುತ್ತದೆ.

ಚನ್ನಪ್ಪನವರು ಕಾರನ್ನು ದೂರದಿಂದಲೇ ತೋರಿಸಿದರು. “ದೀಪ ಆರಸಿ ಕೊಡಪಾ. ಇದು ನಮ್ಮ ಅಂಗಳ ಬಿಟ್ಟು ಹೋದ್ರ ಸಾಕು,” ಎಂದು ಹೇಳಿ ಮಗ್ಗದ ಶೆಡ್ಡಿಗೆ ಹೋದರು. ಯಾಕೆಂದು ನನಗೆ ತಿಳಿದದ್ದು ಅವರ ಹೆಂಡತಿ ಗಂಗವ್ವನವರಿಂದ. ಅವರು ಕಟ್ಟೆಯ ಮೇಲೆ ಕುಳಿತು ನನ್ನ ಕೆಲಸ ನೋಡುತ್ತಿದ್ದರು.

ಬಸವರಾಜನ ಹೆಂಡತಿ ಚೊಚ್ಚಲ ಹೆರಿಗೆಯಲ್ಲಿ ತೀರಿಕೊಂಡಿದ್ದಳು, ಕೂಸೂ ಉಳಿಯಲಿಲ್ಲ. ಒಂದೂವರೆ ವರ್ಷ ಅವನು ಯಾರೊಂದಿಗೂ ಸರಿಯಾಗಿ ಮಾತಾಡಿರಲಿಲ್ಲ. ಆ ವರ್ಷದ ಫೆಬ್ರವರಿ 8ರ ಭಾನುವಾರ ಬೆಳಿಗ್ಗೆ, ಹೊಳೆಯಾಚೆಯ ಒಂದು ಊರಿನಲ್ಲಿ ಕನ್ಯೆ ನೋಡಲು ಹೋಗಬೇಕೆಂದು ಗಂಗವ್ವನವರು ಪಟ್ಟು ಹಿಡಿದರು. ಅವನು ಏಳಲಿಲ್ಲ. “ಸತ್ತಾಕಿ ಫೋಟೋ ನೋಡ್ಕೋತ ಎಷ್ಟ ದಿನಾ ಕುಂದ್ರಾಂವ? ಇವತ್ತ ಹೋಗಿ ಬರಲಿಲ್ಲಂದ್ರ ನನ್ನ ಮಾರಿ ನೋಡಬ್ಯಾಡ,” ಎಂದುಬಿಟ್ಟರು. ಅವನು ಎದ್ದು ಒಬ್ಬನೇ ಕಾರು ತೆಗೆದುಕೊಂಡು ಹೋದ. ಜಮಖಂಡಿ ದಾಟಿ ಚಿಕ್ಕಪಡಸಲಗಿಯ ಹತ್ತಿರ, ಹೊಳೆಯ ಬ್ಯಾರೇಜಿಗೆ ಇಳಿಯುವ ರಸ್ತೆಯಲ್ಲಿ ಕಾರು ರಸ್ತೆ ಬಿಟ್ಟು ಕೆಳಗಿನ ಕಲ್ಲುಗಳಿಗೆ ಬಡಿಯಿತು. ಕಾರಿಗೆ ಹೆಚ್ಚಿಗೆ ಏನೂ ಆಗಲಿಲ್ಲ. ಸ್ಟೇರಿಂಗು ಎದೆಗೆ ಬಡಿದು ಅವನು ಅಲ್ಲೇ ತೀರಿಕೊಂಡ.

ಹೋಗಿ ನೋಡಿ ಬಂದವರೆಲ್ಲ ಒಂದೇ ಮಾತು ಹೇಳಿದರು: ರಸ್ತೆಯ ಮೇಲೆ ಒಂದು ಗೆರೆಯೂ ಇಲ್ಲ, ಅವನು ಬ್ರೇಕನ್ನೇ ತುಳಿದಿಲ್ಲ. ಲಾರಿ, ಟ್ರ್ಯಾಕ್ಟರ್, ಜೀಪುಗಳನ್ನು ನೋಡಿದ ಜನ, ಗೆರೆ ಇಲ್ಲದಿದ್ದರೆ ಬ್ರೇಕಿಲ್ಲ ಎಂದು ಓದುವುದು ಸಹಜ. ಹೀಗೆ ಅವನು ಬೇಕೆಂದೇ ಹೋದ ಎಂದು ಊರಲ್ಲಿ ತೀರ್ಮಾನವಾಯಿತು. ಚನ್ನಪ್ಪನವರು ಅದನ್ನು ನಂಬಿದರು. ಅಂದಿನಿಂದ ಮಗನ ಹೆಸರೆತ್ತಿರಲಿಲ್ಲ. ಗಂಗವ್ವನವರು ತಮ್ಮ ಆ ಮಾತನ್ನು ಗಂಡನಿಗೂ ಹೇಳಿರಲಿಲ್ಲ. ನಾನು ಹೊರಗಿನವನೆಂದು ನನಗೆ ಹೇಳಿದರೋ ಏನೋ.

ಇಂಥ ಕಾರು ಬ್ರೇಕು ತುಳಿದರೂ ಗೆರೆ ಬಿಡದಿರಬಹುದು ಎಂದು ನಾನು ಹೇಳಿದಾಗ ಅವರು ಕಟ್ಟೆಯಿಂದ ಇಳಿದು ಬಂದರು.

“ಹಂಗಂದ್ರ ತುಳದಿರಬೇಕು?”

“ಎಬಿಎಸ್ ಅವತ್ತ ಛಲೋ ಇತ್ತಂದ್ರ ತುಳದಿರಬಹುದ್ರಿ ಅವ್ವಾರ. ಮೊದಲ ಕೆಟ್ಟಿತ್ತಂದ್ರ, ತುಳದಿದ್ರ ಗೆರಿ ಬೀಳಬೇಕಾಗಿತ್ತು.”

“ಮತ್ತ ಅವತ್ತ ಛಲೋ ಇತ್ತೋ ಇಲ್ಲೋ, ಅದನ್ನ ನೋಡಿ ಹೇಳು ತಮ್ಮಾ. ದೀಪ ಆರಸೂದು ಹಿಂದಿಂದ.”

ದೀಪ ಅಪಘಾತಕ್ಕೂ ಮೊದಲೇ ಹತ್ತುತ್ತಿತ್ತೇ ಎಂದು ಅವರಿಗೆ ಗೊತ್ತಿರಲಿಲ್ಲ. ಸೊಸೆ ಹೋದ ಮೇಲೆ ಅವರು ಆ ಕಾರು ಹತ್ತಿರಲಿಲ್ಲ. ಅದಕ್ಕೂ ಮೊದಲು ಯಾವಾಗಲೂ ಮಗನ ಪಕ್ಕದ ಸೀಟು ಅವರದೇ. ಸ್ಪೀಡಿನ ಮುಳ್ಳು ಅರವತ್ತು ದಾಟಿದರೆ ಅವನ ತೊಡೆಗೆ ಬಡಿಯುವುದು ಅವರ ಕೆಲಸವಾಗಿತ್ತಂತೆ. ದಾರಿ ನೋಡುತ್ತಿರಲಿಲ್ಲ, ಮುಳ್ಳನ್ನೇ ನೋಡುತ್ತಿದ್ದೆ ಎಂದು ಹೇಳಿ ಸ್ವಲ್ಪ ನಕ್ಕರು.

ಮೂರು ಗಾಲಿಗಳ ಸೆನ್ಸರುಗಳು ಸರಿಯಿದ್ದವು. ಮುಂದಿನ ಎಡಗಾಲಿಯದು ಸತ್ತಿತ್ತು. ಜಾಕ್ ಹಚ್ಚಿ, ಗಾಲಿ ಬಿಚ್ಚಿ, ಸೆನ್ಸರನ್ನು ಹೊರತೆಗೆದೆ. ಅದರ ವೈರು ಸ್ಪ್ರಿಂಗಿನ ಹತ್ತಿರ ತುಂಡಾಗಿತ್ತು. ಆದರೆ ಎಂದು? ತಾಮ್ರದ ತುದಿ ಹಸಿರಾಗಿತ್ತು. ಆರು ತಿಂಗಳ ಹಿಂದೆ ತಿಕ್ಕಿ ತುಂಡಾಗಿದ್ದರೂ ಹಸಿರು, ಕಲ್ಲಿಗೆ ಬಡಿದ ದಿನ ತುಂಡಾಗಿದ್ದರೂ ಈ ಮೂರು ತಿಂಗಳಲ್ಲಿ ಹಸಿರೇ. ಭೂತಗನ್ನಡಿ ಹಿಡಿದು ನೋಡಿದೆ. ತಿಳಿಯಲಿಲ್ಲ. ತಿಳಿಯುವುದಿಲ್ಲ ಎಂದು ಅವರಿಗೆ ಹೇಳಬೇಕಾಯಿತು. ಅವರು ಚಹಾ ಮಾಡಲು ಒಳಗೆ ಹೋದರು.

ಸೆನ್ಸರನ್ನು ಗೋಣಿತಾಟಿನ ಮೇಲಿಟ್ಟು, ಅದರ ವೈರಿನ ತುದಿ ಸುಲಿದು ಮೀಟರಿನ ಎರಡು ಕ್ಲಿಪ್ ಹಚ್ಚಿದೆ. ಒಳಗಿನ ಸುರುಳಿ ಸರಿಯಿತ್ತು. ಮರಳಿ ಕೂಡಿಸಿ ಗಾಲಿ ತಿರುಗಿಸಿ ನೋಡಬೇಕೆಂದು ಮೀಟರನ್ನು ವೋಲ್ಟಿಗೆ ತಿರುವಿದೆ. ಅಷ್ಟರಲ್ಲಿ ಕರೆಂಟು ಹೋಯಿತು. ನಮ್ಮ ಕಡೆಯವರಿಗೆ ಇದು ಗೊತ್ತು: ಬನಹಟ್ಟಿಯಲ್ಲಿ ಕರೆಂಟು ಹೋದರೆ ಮಗ್ಗಗಳೆಲ್ಲ ಒಮ್ಮೆಲೇ ನಿಂತು, ಓಣಿಯಲ್ಲಿ ಯಾರೋ ಕೆಮ್ಮಿದ್ದೂ ಕೇಳಿಸುತ್ತದೆ. ಗಂಗವ್ವನವರು ಚಹಾ ತಂದು ನನ್ನ ಮುಂದಿಟ್ಟು ಅಲ್ಲೇ ಕುಳಿತರು. ಆಗ ಮೀಟರಿನ ಮುಳ್ಳು ಎದ್ದಿತು.

ಸೆನ್ಸರು ಗೋಣಿತಾಟಿನ ಮೇಲೆ ಬಿದ್ದಿತ್ತು. ಹಲ್ಲಿನ ಉಂಗುರ ಅದರಿಂದ ಒಂದು ಮಾರು ದೂರ. ಮಗ್ಗಗಳ ಕರೆಂಟು ಎಳೆದುಕೊಂಡಿತೇ ಎಂದರೆ ಊರಿಗೇ ಕರೆಂಟಿಲ್ಲ. ಕಾರಿನ ಬ್ಯಾಟರಿಯ ವೈರನ್ನು ನಾನೇ ಬಿಚ್ಚಿದ್ದೆ. ಕ್ಲಿಪ್ ನೋಡಿದೆ, ನೆಲ ನೋಡಿದೆ, ತಾಟಿನ ಕೆಳಗೆ ಕೈ ಹಾಕಿ ನೋಡಿದೆ. ಮುಳ್ಳು ಮೆಲ್ಲಗೆ ಏರಿತು, ಸ್ವಲ್ಪ ಇಳಿಯಿತು, ಮತ್ತೆ ಏರಿತು. ಕ್ಲಿಪ್ ತೆಗೆದು ನೋಡೋಣವೆಂದು ಕೈ ಚಾಚಿದೆ.

“ಕೈ ಹಚ್ಚಬ್ಯಾಡಪ್ಪಾ,” ಎಂದರು ಗಂಗವ್ವನವರು. ಅವರ ಕಣ್ಣು ಮುಳ್ಳಿನ ಮೇಲಿತ್ತು. “ಪ್ಯಾಟ್ಯಾಗ ಹೊಂಟಾನ.”

ನಾನು ಕೈ ಹಿಂದೆ ತೆಗೆದೆ. ಆ ಕ್ಲಿಪ್ ತೆಗೆದಿದ್ದರೆ ಏನಾಗುತ್ತಿತ್ತು ಎಂದು ಇವತ್ತಿಗೂ ನನಗೆ ಗೊತ್ತಿಲ್ಲ.

ಅವರು ಮಗ ಹೋದ ದಾರಿಯನ್ನು ಸಣ್ಣ ದನಿಯಲ್ಲಿ ಹೇಳುತ್ತ ಹೋದರು, ನನಗಲ್ಲ, ತಮಗೇ. ಈಗ ಊರು ದಾಟಿದ. ಈಗ ಹಳ್ಳದ ತಗ್ಗು, ಇಲ್ಲಿ ಯಾವಾಗಲೂ ನಿಧಾನ ಮಾಡುತ್ತಾನೆ. ಮುಳ್ಳು ಇಳಿಯುತ್ತಿತ್ತು. ಈಗ ಸಪಾಟು ದಾರಿ. ಏರುತ್ತಿತ್ತು. ಒಮ್ಮೆ ಅದು ಬಹಳ ಮೇಲೆ ಹೋದಾಗ ಅವರ ಕೈ ತಾನಾಗಿ ಎದ್ದು ಪಕ್ಕದ ಖಾಲಿ ನೆಲವನ್ನು ಬಡಿಯಿತು. ಮುಳ್ಳು ತುಸು ಕೆಳಗಿಳಿಯಿತು. ಗಡಿಯಾರ ನೋಡುವುದೊಂದೇ ನನಗೆ ತಿಳಿದ ಕೆಲಸ, ಅದನ್ನೇ ಮಾಡಿದೆ.

ಐದು ಗಂಟೆ ದಾಟಿದ ಮೇಲೆ ಮುಳ್ಳು ಮೆಲ್ಲಗೆ ಇಳಿದು ಪೂರ್ತಿ ನಿಂತಿತು. ಮುಗಿಯಿತು ಎಂದುಕೊಂಡೆ. “ಇಲ್ಲ, ಇನ್ನೂ ಜಮಖಂಡಿ,” ಎಂದರು ಅವರು. “ಇಲ್ಲ್ಯಾಕ ನಿಂತ?” ಏಳೆಂಟು ನಿಮಿಷ ಇಬ್ಬರೂ ಮುಳ್ಳಿನ ಮುಂದೆ ಕುಳಿತೆವು. ಚಹಾ ಆರಿ ಕೆನೆ ಕಟ್ಟಿತ್ತು. ಮತ್ತೆ ಮುಳ್ಳು ಎದ್ದಿತು. ಅಲ್ಲಿಂದ ಅದರ ಓಟ ಒಂದೇ ಸಮನಾಗಿತ್ತು, ಅರವತ್ತು ದಾಟಬೇಡ ಎಂದವರ ಮಾತು ನೆನಪಿಟ್ಟುಕೊಂಡವನ ಹಾಗೆ. ಆಮೇಲೆ ಒಮ್ಮೆಲೇ ಅರ್ಧಕ್ಕೆ ಕುಸಿಯಿತು, ಎದ್ದಿತು, ಕುಸಿಯಿತು, ಎದ್ದಿತು. ಮಗ್ಗದ ಲಾಳಿ ಆಚೆ ಈಚೆ ಹಾರುವ ಹಾಗೆ, ಎಣಿಸಲಾಗದಷ್ಟು ಬೇಗ ನಡುಗಿತು. ನಂತರ ಸೊನ್ನೆಗೆ ಬಿದ್ದು ಸುಮ್ಮನಾಯಿತು.

“ಅದೇನು ನಡಗಿತು?” ಎಂದು ಕೇಳಿದರು.

ಅದೇನೆಂದು ನನಗೆ ಗೊತ್ತಿತ್ತು. ಡಿಪ್ಲೊಮಾದಲ್ಲಿ ಆ ಏರಿಳಿತದ ಚಿತ್ರ ಬರೆದಿದ್ದೆ. ಹೇಳಬೇಕೋ ಬೇಡವೋ ಎಂದು ತಡೆದು, ಕೊನೆಗೆ ಹೇಳಿದೆ: “ಎಬಿಎಸ್ ಛಲೋ ಇದ್ದಾಗ, ಬ್ರೇಕ್ ಪೂರಾ ತುಳದ್ರ ಹಂಗ ಆಗತೈತ್ರಿ ಅವ್ವಾರ.”

ಅವರ ಮನಸ್ಸು ಹಗುರಾಗುತ್ತದೆ ಎಂದು ನಾನು ತಿಳಿದಿದ್ದೆ. ಅವರು ಸೆನ್ಸರನ್ನು ಎತ್ತಿ, ಸೆರಗಿನಿಂದ ಅದರ ಮಣ್ಣು ಒರೆಸಿದರು.

“ಸಾಯಬೇಕಂತ ಹೋದ, ಅಂವಗ ಬೇಕಾದ್ದು ಸಿಕ್ತು ಅಂತ ಇಷ್ಟ ದಿನಾ ಮನಸಿಗೆ ಹೇಳ್ಕೊಂಡಿದ್ದೆ. ಬದಕಬೇಕಂತಿದ್ದಾಂವ ಹೋದ್ನಲ್ಲೋ ತಮ್ಮಾ.”

ಆಗ ಅತ್ತರು. ಶೆಡ್ಡಿನಿಂದ ಚನ್ನಪ್ಪನವರು ಬಂದರು. ಹೆಂಡತಿಯ ಪಕ್ಕದಲ್ಲಿ ನೆಲದ ಮೇಲೆ ಕುಳಿತು, ಮೂರು ತಿಂಗಳ ನಂತರ ಮೊದಲ ಸಲ, “ಬಸು” ಎಂದರು. ಕರೆಂಟು ಬಂತು. ಮಗ್ಗಗಳು ಒಂದೊಂದಾಗಿ ಶುರುವಾದವು, ಮುಂದೆ ಯಾರ ಮಾತೂ ಕೇಳಿಸಲಿಲ್ಲ.

ವೈರು ಬೆಸೆದು ಸೆನ್ಸರ್ ಕೂಡಿಸಿದೆ. ದೀಪ ಆರಿತು. ಮುಂದಿನ ತಿಂಗಳು ಕಾರು ಮಾರಾಟವಾಯಿತು. ಅಂದಿನಿಂದ ಈ ಒಂದೂವರೆ ವರ್ಷದಲ್ಲಿ ಬೇರೆ ಸೆನ್ಸರುಗಳನ್ನು ಗೋಣಿತಾಟಿನ ಮೇಲಿಟ್ಟು, ಅದೇ ಮೀಟರು ಹಚ್ಚಿ, ಕರೆಂಟು ಇದ್ದಾಗ ಮತ್ತು ಇಲ್ಲದಾಗ ನೋಡಿದ್ದೇನೆ. ಮುಳ್ಳು ಅಲುಗಿಲ್ಲ. ಹುಸೇನಸಾಬರು ಮೀಟರು ಹಳೆಯದು ಎನ್ನುತ್ತಾರೆ. ಆಗ ಅವರ ಮಾತಿನಲ್ಲಿ ತಮಾಷೆ ಇರುವುದಿಲ್ಲ. ತಾಯಿಯ ಮಾತು ಮುಳ್ಳನ್ನು ಹಿಂಬಾಲಿಸಿತೋ, ಮುಳ್ಳು ಅವರ ಮಾತನ್ನು ಹಿಂಬಾಲಿಸಿತೋ, ಅದೂ ನನಗೆ ತಿಳಿಯದು.

ಬನಹಟ್ಟಿಗೆ ಹೋದಾಗಲೆಲ್ಲ ಗಂಗವ್ವನವರು ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಾರೆ: ಜಮಖಂಡಿಯಲ್ಲಿ ಯಾಕೆ ನಿಂತಿದ್ದ? ಕಾರಿನಿಂದ ಮನೆಗೆ ಬಂದದ್ದು ಅವನ ಕೈಗಡಿಯಾರ ಮತ್ತು ಒಂದು ಟವೆಲ್ ಮಾತ್ರ. ಆ ಏಳೆಂಟು ನಿಮಿಷ ನಿಜವೋ ಸುಳ್ಳೋ ಎಂದು ಹೇಳುವುದು ನನ್ನಿಂದ ಆಗದು. ಆದರೆ 1998ರ ಫೆಬ್ರವರಿ 8ರ ಭಾನುವಾರ ಬೆಳಿಗ್ಗೆ ಜಮಖಂಡಿಯಲ್ಲಿ, ಬಿಳಿ ಪರದೇಶಿ ಕಾರು ನಿಲ್ಲಿಸಿ ಒಬ್ಬ ತರುಣ ಕನ್ಯೆಯ ಮನೆಗೆ ಒಯ್ಯುವ ಹೂವು, ಹಣ್ಣು, ಕಾಯಿ ಏನಾದರೂ ಕೊಂಡದ್ದನ್ನೋ, ಬರೀ ಸುಮ್ಮನೆ ನಿಂತಿದ್ದನ್ನೋ ಕಂಡವರು ಓದುಗರಲ್ಲಿ ಯಾರಾದರೂ ಇದ್ದರೆ, ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಬರೆಯಿರಿ. ಅದನ್ನು ನಾನೇ ಬನಹಟ್ಟಿಗೆ ಒಯ್ದು ಅವರಿಗೆ ಓದಿ ಹೇಳುತ್ತೇನೆ.