ಅಳೆಯದೆ ಬಿಟ್ಟ ಬ್ಯಾರಲ್

ಪೂಣಚ್ಚ ಅಂಕಲ್, ಆ ದಿನ ನಿಮ್ಮ ಕೈ ನಡುಗಿರಲಿಲ್ಲ. ನಾನು ಆರಿಸಿಕೊಟ್ಟ ಗುಂಡು ನಿಮ್ಮ ಪಿಸ್ತೂಲಿಗೆ ಸಣ್ಣದಾಗಿತ್ತು. ಅದು ನನಗೆ ಅವತ್ತೇ ಗೊತ್ತಾಯಿತು — ಗೊತ್ತಾಗಿಯೂ ಬಾಯಿ ಬಿಡಲಿಲ್ಲ. ಅಷ್ಟೇ ಆಗಿದ್ದರೆ ಹೇಗೋ... ಆದರೆ ನಿಮಗೆ ಗೊತ್ತಾಗಬಹುದಾಗಿದ್ದ ಗುರುತನ್ನೂ ನನ್ನ ಕೈಯಾರೆ ಮುಚ್ಚಿದೆ.

ನಾಳೆ ಬೆಳಿಗ್ಗೆ ನಿಮ್ಮೆದುರು ಕೂತು ಇದನ್ನೇ ಹೇಳಬೇಕು. ಎದುರು ಕೂತರೆ ಅರ್ಧ ಹೇಳಿ ಅರ್ಧ ನುಂಗುವವನು ನಾನು, ನಿಮಗೆ ಗೊತ್ತಲ್ಲ. ಅದಕ್ಕೇ ಒಂದು ಸಲ ಪೂರ್ತಿ ಬರೆದು ನೋಡುತ್ತಿದ್ದೇನೆ.

ಮೊನ್ನೆ ಕಾವೇರಿ ಆಂಟಿ ಫೋನ್ ಮಾಡಿದ್ದರು. "ಶನಿವಾರ ಫ್ರೀ ಇದ್ದೀಯಾ ಪ್ರಸನ್ನ? ಅಂಕಲ್ ಆ ಹಳೇ ಪಿಸ್ತೂಲನ್ನ ಡೀಲರ್‌ಗೆ ಕೊಟ್ಟುಬಿಡ್ತಾರಂತೆ. ಅವರು ಕಾರ್ ಓಡಿಸೋದು ಬಿಟ್ಟಿದ್ದಾರಲ್ಲ, ನೀನೇ ಕರ್ಕೊಂಡು ಹೋಗ್ಬೇಕು." ವರ್ಷದಲ್ಲಿ ಇಷ್ಟು ಸಲವಾದರೂ ಕ್ಲಬ್ಬಿಗೆ ಹೋಗಿ ಗುಂಡು ಹೊಡೆಯದಿದ್ದರೆ ಪಿಸ್ತೂಲು ಇಟ್ಟುಕೊಳ್ಳುವ ಹಾಗಿಲ್ಲ. ನಿಮ್ಮ ಮೊಣಕಾಲು ನೋವಿಗೆ ಡಾಕ್ಟರು ಬರೆದುಕೊಟ್ಟದ್ದರ ಮೇಲೆ ಕ್ಲಬ್ಬಿನವರು ಇಷ್ಟು ದಿನ ಸುಮ್ಮನಿದ್ದರು, ಈಗ ಕೇಳಿದ್ದಾರೆ. ನೀವು ಕೊಟ್ಟೇ ಬಿಡುವುದೆಂದು ತೀರ್ಮಾನಿಸಿದ್ದೀರಿ. ನಾನು ಆಂಟಿಗೆ ಹೂಂ ಅಂದೆ. ಕಳ್ಳನ ಕೈಗೇ ಬೀಗದ ಕೈ ಕೊಟ್ಟ ಹಾಗಾಗಿತ್ತು.

ನಾನು ಮೈಸೂರಿನಿಂದ ಪರ್ತ್‌ಗೆ ಬಂದ ಹೊಸತು ನೆನಪಿದೆಯಾ? ಕ್ಯಾನಿಂಗ್ ವೇಲ್‌ನ ಒಂದು ವರ್ಕ್‌ಶಾಪಿನಲ್ಲಿ ಗಣಿ ಯಂತ್ರಗಳ ಬಿಡಿಭಾಗಗಳನ್ನು ಅಳೆದು ಪಾಸು ಮಾಡುವ ಕೆಲಸ. ವಾರವೆಲ್ಲ ಹೇಗೋ ಕಳೆಯುತ್ತಿತ್ತು, ಭಾನುವಾರ ಮಾತ್ರ ನನ್ನನ್ನು ತಿಂದುಹಾಕುತ್ತಿತ್ತು. ಕನ್ನಡದವರೊಬ್ಬರ ಮನೆಯ ಬಾರ್ಬಿಕ್ಯೂ ಕೂಟದಲ್ಲಿ ನಾನು ಒಂದು ಮೂಲೆಯಲ್ಲಿ ಬದನೆಕಾಯಿ ಸುಟ್ಟುಕೊಂಡು ನಿಂತಿದ್ದಾಗ ನೀವು ಬಂದು ಪಕ್ಕದಲ್ಲಿ ನಿಂತಿರಿ. "ಎಂತ ಮಾರಾಯ, ಬದನೆಕಾಯಿಗೆ ಇಷ್ಟು ಸಪ್ಪೆ ಮುಖವಾ? ಮುಂದಿನ ಭಾನುವಾರ ನನ್ನ ಜೊತೆ ಬಾ." ಹಾಗೆ ನಾನು ಪಿಸ್ತೂಲ್ ಕ್ಲಬ್ಬಿನ ಮೆಟ್ಟಿಲು ಹತ್ತಿದೆ. ನನಗೆ ನಿಂತುಕೊಳ್ಳುವುದನ್ನು ಕಲಿಸಿದವರು ನೀವು, ಉಸಿರು ಹಿಡಿಯುವುದನ್ನು ಕಲಿಸಿದವರು ನೀವು. ಎಲ್ಲೆಲ್ಲೋ ಅಳತೆ ಹಾಕುವ ನನ್ನ ಚಟ ನೋಡಿ 'ಮೈಕ್ರೋಮೀಟರ್' ಎಂದು ಹೆಸರಿಟ್ಟವರೂ ನೀವೇ. ಆ ಹೆಸರು ಕ್ಲಬ್ಬಿನಲ್ಲಿ ನಿಂತುಬಿಟ್ಟಿತು. ನನಗೂ ಒಳಗೊಳಗೇ ಬಹಳ ಹೆಮ್ಮೆಯಿತ್ತು — ಈ ಕಥೆಗೆಲ್ಲ ಮೂಲ ಆ ಹೆಮ್ಮೆಯೇ.

ಕ್ಲಬ್ಬಿನ ಹಿರಿಯರೊಬ್ಬರು ಆಟ ಬಿಟ್ಟಾಗ ಅವರ ಹಳೆಯ ನೈನ್ ಎಂಎಂ ಪಿಸ್ತೂಲು ನಿಮ್ಮ ಕೈಗೆ ಬಂತು. ಯುದ್ಧಕಾಲದ್ದು. ಕೊಡಗಿನಲ್ಲಿ ನಿಮ್ಮ ತಾತನ ಕೋವಿ ಹಿಡಿದಾಗಲೂ ಇಷ್ಟು ಖುಷಿಯಾಗಿರಲಿಲ್ಲ ಎಂದಿರಿ. ಕ್ಲಬ್ಬಿನ ಆ ವರ್ಷದ ಸ್ಪರ್ಧೆಯಲ್ಲಿ ಇದರಲ್ಲೇ ಹೊಡೆಯುತ್ತೇನೆ, ಗೆದ್ದು ಕ್ಲಬ್ಬಿನ ತಂಡದ ಜೊತೆ ಅಡಿಲೇಡಿನ ಪಂದ್ಯಕ್ಕೆ ಹೋಗುತ್ತೇನೆ ಎಂದು ಸಿಕ್ಕಿದವರಿಗೆಲ್ಲ ಸಾರಿದಿರಿ. ಬಳಸಿದ ಖಾಲಿ ತೋಟಾಗಳಿಗೆ ಮತ್ತೆ ಮದ್ದು ತುಂಬಿ ಹೊಸ ಗುಂಡು ಕೂರಿಸುವ ಕೆಲಸ ನಾವಿಬ್ಬರೂ ಯಾವಾಗಲೂ ನನ್ನ ಗ್ಯಾರೇಜಿನಲ್ಲೇ ಮಾಡುತ್ತಿದ್ದೆವಲ್ಲ. ಗುಂಡು ಒತ್ತಿ ಕೂರಿಸುವ ಪ್ರೆಸ್ಸಿನ ಹಿಡಿ ಎಳೆಯುವವರು ನೀವು, ಅಳೆಯುವವನು ನಾನು. ಈ ಪಿಸ್ತೂಲಿಗೆ ಯಾವ ಅಳತೆಯ ಸೀಸದ ಗುಂಡು ತರಿಸಬೇಕೆನ್ನುವುದನ್ನೂ ನನಗೇ ಬಿಟ್ಟಿರಿ.

ಹಳೆಯ ಪಿಸ್ತೂಲಿನ ವಿಷಯದಲ್ಲಿ ಪುಸ್ತಕದ ಅಳತೆ ನಂಬಬಾರದು. ಆಗಿನ ಬ್ಯಾರಲ್‌ಗಳು ಒಂದರ ಹಾಗೆ ಇನ್ನೊಂದಿಲ್ಲ. ಮೆತ್ತನೆಯ ಸೀಸದ ತುಂಡಿಗೆ ಎಣ್ಣೆ ಸವರಿ, ಬ್ಯಾರಲ್ಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ತಳ್ಳಿ, ಹೊರಬಂದ ತುಂಡನ್ನು ಅಳೆಯಬೇಕು. ಗುಂಡು ಅದಕ್ಕಿಂತ ಒಂದೆಳೆ ದಪ್ಪವಿರಬೇಕು. ಸಣ್ಣದಾದರೆ ಒಳಗಿನ ಸುರುಳಿ ಗೆರೆಗಳ ಹಿಡಿತಕ್ಕೆ ಸಿಗದೆ ಜಾರಿಕೊಂಡು ಹೋಗುತ್ತದೆ, ಬುಗುರಿಯಂತೆ ತಿರುಗುತ್ತಾ ಹೋಗಬೇಕಾದದ್ದು ಗಾಳಿಯಲ್ಲಿ ಲಾಗ ಹೊಡೆಯುತ್ತದೆ. ಇದೆಲ್ಲ ನನಗೆ ಆಗಲೇ ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದ್ದರೆ ಅದರ ಮಾತೇ ಬೇರೆ.

ಅಳೆಯಬೇಕೆಂದೇ ಒಂದು ಸಂಜೆ ಸೀಸ, ಎಣ್ಣೆ, ಕೋಲು ಎಲ್ಲ ಹಿಡಿದುಕೊಂಡು ನಿಮ್ಮ ಮನೆಗೆ ಬಂದೆ. ಮರುದಿನ ಕೈಲ್ ಮುಹೂರ್ತ, ನಿಮ್ಮವರು ಕೋವಿಗೆ ಪೂಜೆ ಮಾಡುವ ಹಬ್ಬ. ಇಲ್ಲಿಯ ಕಾನೂನಿಗೆ ಪಿಸ್ತೂಲನ್ನು ದೇವರ ಮುಂದೆ ಇಡುವಂತಿಲ್ಲವೆಂದು ಆಂಟಿ ಗೋಡೆಗೆ ಬಿಗಿದ ಕಬ್ಬಿಣದ ಸೇಫಿಗೇ ಕುಂಕುಮ ಹಚ್ಚಿ, ಹಿಡಿಕೆಗೆ ಹಿತ್ತಿಲಿನ ಜೆರೇನಿಯಂ ಹೂ ಸಿಕ್ಕಿಸಿದ್ದರು. "ಪೂಜೆ ಆಗೋವರೆಗೆ ಕೋವಿ ಮುಟ್ಟೋ ಹಾಗಿಲ್ಲ ಮಾರಾಯ, ನಾಡಿದ್ದು ಬಾ" ಎಂದಿರಿ. ನಾಡಿದ್ದು ಬಂದಿದ್ದರೆ ಆಗಿತ್ತು. ಆದರೆ ನಾನು ಹೇಳಿದ್ದೇನು? "ಬೇಡ ಬಿಡಿ ಅಂಕಲ್, ಅಳೆಯೋದೇನಿದೆ. ನೈನ್ ಎಂಎಂ ಅಂದ್ರೆ ಇಂಚಿನ ಲೆಕ್ಕದಲ್ಲಿ ಪಾಯಿಂಟ್ ಮೂರು ಐವತ್ತೈದು. ಕಣ್ಣು ಮುಚ್ಕೊಂಡು ಹೇಳ್ತೀನಿ." ಕಣ್ಣು ಮುಚ್ಚಿಕೊಂಡೇ ತರಿಸಿದೆ.

ಎಷ್ಟೋ ದಿನ ಆ ಹೂವಿನ ಮೇಲೆ ತಪ್ಪು ಹಾಕಿದೆ — ಹಬ್ಬ ಅಡ್ಡ ಬಂತು, ಇಲ್ಲದಿದ್ದರೆ ಅಳೆಯುತ್ತಿದ್ದೆ, ಅಂತ. ಪಾಪ, ಆ ಹೂ ಏನು ಮಾಡಿತು? ಅದು ಒಂದೇ ದಿನ ಇತ್ತು. ನನ್ನ ಸೋಮಾರಿತನಕ್ಕೂ ಜಂಬಕ್ಕೂ ನಿಮ್ಮ ಹಬ್ಬವನ್ನು ನೆಪ ಮಾಡಿಕೊಂಡೆ. ಅದೂ ಒಂದು ತಪ್ಪೇ.

ಸ್ಪರ್ಧೆಯ ಬೆಳಿಗ್ಗೆ ನೀವು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದಿರಿ. ಮೊದಲ ಸುತ್ತು ಮುಗಿದು, ಎಲ್ಲರೂ ಪಿಸ್ತೂಲು ಕೆಳಗಿಟ್ಟ ಮೇಲೆ ಗುರಿಯ ಕಾಗದದ ಹತ್ತಿರ ಹೋಗಿ ಅಂಕ ಎಣಿಸುವುದು, ಎಣಿಸಿದ ತೂತುಗಳಿಗೆ ಚೀಟಿ ಅಂಟಿಸುವುದು ಅಲ್ಲಿಯ ಪದ್ಧತಿ. ನಿಮ್ಮದನ್ನು ಎಣಿಸುವ ಸರದಿ ನನ್ನದು. ನೀವು ಮೊಣಕಾಲು ನೋವೆಂದು ಹಿಂದೆಯೇ ನಿಂತಿದ್ದಿರಿ. ತೂತುಗಳು ದಿಕ್ಕಾಪಾಲಾಗಿದ್ದವು. ಅವುಗಳಲ್ಲಿ ಎರಡು ದುಂಡಗಿರಲಿಲ್ಲ, ಖರ್ಜೂರದ ಬೀಜದ ಹಾಗೆ ಉದ್ದಕ್ಕಿದ್ದವು. ಗುಂಡು ಅಡ್ಡಡ್ಡ ಬಂದು ಬಡಿದ ಗುರುತು. ಗುರಿ ಎಷ್ಟೇ ತಪ್ಪಿದರೂ, ಕೈ ಎಷ್ಟೇ ನಡುಗಿದರೂ ಅಂಥ ತೂತು ಬೀಳುವುದಿಲ್ಲ. ಸಣ್ಣ ಗುಂಡಿಗೆ ಮಾತ್ರ ಬೀಳುತ್ತದೆ.

ಆಚೀಚೆ ನೋಡಿದೆ. ಬೇರೆ ಯಾರಾದರೂ ಆ ತೂತು ನೋಡಿದ್ದರೆ 'ಮೈಕ್ರೋಮೀಟರ್' ಬ್ಯಾರಲ್ ಅಳೆದಿಲ್ಲವೆಂದು ಆ ಗಳಿಗೆಯಲ್ಲೇ ತಿಳಿದುಬಿಡುತ್ತಿತ್ತು. ಮೊದಲು ಆ ಎರಡು ತೂತಿಗೆ ಚೀಟಿ ಅಂಟಿಸಿದೆ, ಆಮೇಲೆ ಉಳಿದವಕ್ಕೆ. ಮುಂದಿನ ಸುತ್ತುಗಳಲ್ಲೂ ಅದನ್ನೇ ಮಾಡಿದೆ. ಕೊನೆಯಲ್ಲಿ ನೀವು ನಿಮ್ಮ ಬಲಗೈಯನ್ನು ಮುಖದ ಮುಂದೆ ಹಿಡಿದು, ಬೇರೆ ಯಾರದೋ ಕೈ ನೋಡುವ ಹಾಗೆ ನೋಡಿದಿರಿ.

"ನನ್ನ ಕೈ ಹೋಯ್ತಾ ಮಾರಾಯ?"

ಆಗಲೂ ಹೇಳಬಹುದಿತ್ತು. ಒಂದೇ ಒಂದು ಮಾತು — 

ನಾನು ಹೇಳಿದ್ದು: "ವಯಸ್ಸಾಯ್ತಲ್ಲ ಅಂಕಲ್. ಸಹಜ."

ಅಂಕಲ್, ಆ ಮಾತನ್ನು ನಾನು ಸಮಾಧಾನದ ದನಿಯಲ್ಲಿ ಹೇಳಿದೆ. ನಿಮ್ಮ ಬೆನ್ನ ಮೇಲೆ ಕೈಯಿಟ್ಟು ಬೇರೆ ಹೇಳಿದೆ. ಅದನ್ನು ನೆನೆದರೆ ಈಗಲೂ ನನ್ನ ಬಗ್ಗೆ ನನಗೇ ಅಸಹ್ಯವಾಗುತ್ತದೆ.

"ನೀನೇ ಒರೆಸಿ ಕೊಡು" ಎಂದು ಪಿಸ್ತೂಲು ನನಗೆ ಕೊಟ್ಟು ನೀವು ಬೆಂಚಿನ ಮೇಲೆ ಕೂತಿರಿ. ಬ್ಯಾರಲ್ಲಿನೊಳಗೆಲ್ಲ ಸೀಸ ಮೆತ್ತಿಕೊಂಡಿತ್ತು. ಅದನ್ನೆಲ್ಲ ತೆಗೆದು, ನಾನು ಮೊದಲೇ ಮಾಡಬೇಕಿದ್ದ ಕೆಲಸವನ್ನು ಆಗ ಮಾಡಿದೆ. ಸೀಸದ ತುಂಡು ತಳ್ಳಿ ಹೊರತೆಗೆದು ಜೇಬಿಗೆ ಹಾಕಿಕೊಂಡೆ. ಮರುದಿನ ವರ್ಕ್‌ಶಾಪಿನಲ್ಲಿ ಅಳೆದೆ. ಮೂರು ಐವತ್ತೇಳು. ಇಂಚಿನ ಸಾವಿರದಲ್ಲಿ ಎರಡು ಪಾಲು ವ್ಯತ್ಯಾಸ, ಒಂದು ತಲೆಗೂದಲಿನಷ್ಟೂ ಇಲ್ಲ. ನಿಮ್ಮ ಕೈಗಂತೂ ಅದಕ್ಕೆ ಏನೂ ಸಂಬಂಧವಿರಲಿಲ್ಲ.

ಇನ್ನೊಂದು ಹೇಳಿಬಿಡುತ್ತೇನೆ. ಮುಂದಿನ ಭಾನುವಾರ ಕ್ಲಬ್ಬಿನಲ್ಲಿ ಹೊಸ ಸದಸ್ಯರಿಗೆ ಪಾಠ ಮಾಡಿದೆ. "ಹಳೆಯ ಪಿಸ್ತೂಲಿದ್ದರೆ ಬ್ಯಾರಲ್ ಅಳೆಯದೆ ಗುಂಡು ಕೊಳ್ಳಬೇಡಿ" ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸಿದೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಗುರುತಿಲ್ಲದವರಿಗೆಲ್ಲ ಹೇಳಿದ ಸತ್ಯವನ್ನು ನಿಮ್ಮೊಬ್ಬರಿಗೆ ಹೇಳಲಿಲ್ಲ. ನೀವು ಅಂದು ಬಂದಿರಲಿಲ್ಲ, ಆಮೇಲೂ ಬರಲಿಲ್ಲ.

ಮೊದಲು ಪಿಸ್ತೂಲು ಬಿಟ್ಟಿರಿ. ಆಮೇಲೆ ಕಾರು ಬಿಟ್ಟಿರಿ, "ನಡುಗೋ ಕೈಯಲ್ಲಿ ಸ್ಟೀರಿಂಗ್ ಹಿಡಿದು ಯಾರದಾದರೂ ಪ್ರಾಣ ತೆಗೆಯೋದು ಬೇಡ" ಅಂತ. ನಮ್ಮ ಏರಿಯಾದಲ್ಲಿ ಕಾರಿಲ್ಲದವನು ಕಾಲಿಲ್ಲದವನೇ. ಡಾಕ್ಟರು ಪರೀಕ್ಷೆ ಮಾಡಿ ಏನೂ ಇಲ್ಲವೆಂದರೂ ನೀವು ನಂಬಲಿಲ್ಲ, ಯಾಕೆಂದರೆ ದಿಕ್ಕಾಪಾಲಾಗಿ ಚೀಟಿ ಅಂಟಿದ್ದ ಗುರಿಯ ಕಾಗದವನ್ನು ನಿಮ್ಮ ಕಣ್ಣಿಂದಲೇ ನೋಡಿದ್ದಿರಿ. ಕಳೆದ ಯುಗಾದಿಗೆ ಮನೆಗೆ ಬಂದಾಗ ಆಂಟಿ ನಿಮಗೆ ಕಾಫಿ ಅರ್ಧ ಲೋಟ ಮಾತ್ರ ಕೊಟ್ಟರು. "ತುಂಬಿಸಿದರೆ ಚೆಲ್ತೀನಿ" ಎಂದು ನನಗೆ ವಿವರಣೆ ಕೊಟ್ಟಿರಿ, ನಗುತ್ತಾ. ನಾನು ಆ ಲೋಟವನ್ನೇ ನೋಡುತ್ತಿದ್ದೆ. ಕಾಫಿಯ ಮೇಲಿನ ನೊರೆ ಕೂಡ ಅಲುಗಲಿಲ್ಲ ಅಂಕಲ್. ಅಂದೇ ಹೇಳಬೇಕಿತ್ತು. ಒಬ್ಬಟ್ಟು ತಿಂದು ಎದ್ದು ಬಂದೆ.

ಇಷ್ಟು ದಿನ ಹೇಳದವನು ಈಗ ಯಾಕೆ ಎಂದು ನೀವು ಕೇಳಬಹುದು. ಪಿಸ್ತೂಲು ಡೀಲರ ಕೈ ಸೇರಿದರೆ ನನ್ನ ಸುಳ್ಳು ಗೆದ್ದುಬಿಡುತ್ತದೆ. ಆಮೇಲೆ ನೀವು ಎಂದೆಂದಿಗೂ ಕೈ ನಡುಗುವ ಮುದುಕ. ಅದಕ್ಕೆ ನಾನೇ ಡ್ರೈವರ್ ಆಗಿ ಹೋಗುವುದು ನನ್ನಿಂದಾಗದು. ಇದಕ್ಕಿಂತ ದೊಡ್ಡ ಕಾರಣ ಹೇಳಲು ನನ್ನ ಹತ್ತಿರ ಇಲ್ಲ.

ನಾಳೆ ಬರುವಾಗ ಆ ಸೀಸದ ತುಂಡು ತರುತ್ತೇನೆ. ಇಷ್ಟು ದಿನ ಗ್ಯಾರೇಜಿನ ಡಬ್ಬಿಯಲ್ಲಿ ಮೊಳೆಗಳ ಕೆಳಗೆ ಬಚ್ಚಿಟ್ಟಿದ್ದೆ. ಮೈಕ್ರೋಮೀಟರ್ ತರುತ್ತೇನೆ. ನಾನು ಅಳೆಯುವುದಿಲ್ಲ, ನೀವೇ ಅಳೆಯಿರಿ. ತಿರುಪನ್ನು ಬೆರಳ ತುದಿಯಲ್ಲಿ ತಿರುಗಿಸಬೇಕು, ಒಂದಿಷ್ಟು ನಡುಕವಿದ್ದರೂ ಒಂದೊಂದು ಸಲ ಒಂದೊಂದು ಅಳತೆ ತೋರಿಸುತ್ತದೆ. ಎಷ್ಟು ಸಲ ಬೇಕಾದರೂ ಅಳೆದು ನೋಡಿ. ಪ್ರತಿ ಸಲವೂ ಮೂರು ಐವತ್ತೇಳೇ ಬರುತ್ತದೆ. ಆಗ ನನ್ನ ಮಾತನ್ನು ನಂಬುವ ಅಗತ್ಯವೇ ನಿಮಗಿರುವುದಿಲ್ಲ, ನಿಮ್ಮ ಕೈಯನ್ನು ನಂಬಿದರೆ ಸಾಕು.

ಮೂರು ಐವತ್ತೆಂಟರ ಗುಂಡುಗಳನ್ನು ತರಿಸಿಟ್ಟಿದ್ದೇನೆ. ನೀವು ಒಪ್ಪಿದರೆ ಪ್ರೆಸ್ಸಿನ ಹಿಡಿ ನಿಮ್ಮದೇ. ಗುಂಡು ಬದಲಾಯಿತಲ್ಲ, ಮದ್ದನ್ನೂ ಕಡಿಮೆಯಿಂದ ಶುರು ಮಾಡಿ, ಪ್ರತಿಯೊಂದನ್ನೂ ನೋಡಿಕೊಂಡು ನಿಧಾನಕ್ಕೆ ಹೋಗೋಣ. ಕ್ಲಬ್ಬಿನವರ ಮುಂದೆ ಆ ಚೀಟಿಗಳ ವಿಷಯವನ್ನೂ ನಾನೇ ಹೇಳುತ್ತೇನೆ. ನೀವು ಇಟ್ಟ ಹೆಸರನ್ನು ಅವರು ಕಿತ್ತುಕೊಂಡರೆ ಕಿತ್ತುಕೊಳ್ಳಲಿ. ಅಡಿಲೇಡ್ ಏನೂ ಎದ್ದು ಎಲ್ಲಿಗೂ ಹೋಗಿಲ್ಲ.

ನಿಮಗೆ ಸಿಟ್ಟು ಬರುತ್ತದೆ, ಬರಬೇಕು. ಕ್ಷಮಿಸಿ ಎಂದು ಕೇಳುತ್ತೇನೆ, ಕ್ಷಮಿಸಲೇಬೇಕೆಂದು ಕೇಳುವುದಿಲ್ಲ. ಬಂದ ಕೂಡಲೇ ನನ್ನ ಕಾರಿನ ಕೀ ನಿಮ್ಮ ಮುಂದೆ ಮೇಜಿನ ಮೇಲೆ ಇಡುತ್ತೇನೆ. ನಿಮ್ಮ ಲೈಸೆನ್ಸ್ ಇನ್ನೂ ಇದೆಯಂತೆ, ಆಂಟಿಯನ್ನು ಕೇಳಿ ತಿಳಿದುಕೊಂಡೆ. ಮನೆಯಿಂದಾಚೆ ನಡಿ ಎಂದರೆ ನಡೆದೇ ಹೋಗುತ್ತೇನೆ, ಕೀ ಅಲ್ಲೇ ಇರಲಿ. ಬಾ ಎಂದರೆ ಪಕ್ಕದ ಸೀಟಿನಲ್ಲಿ ಬಾಯಿ ಮುಚ್ಚಿಕೊಂಡು ಕೂರುತ್ತೇನೆ. ನಿಮ್ಮ ರಸ್ತೆಯ ಕೊನೆಯಲ್ಲಿ ಬಲಕ್ಕೆ ತಿರುಗಿದರೆ ಡೀಲರ ಅಂಗಡಿ, ಎಡಕ್ಕೆ ತಿರುಗಿದರೆ ಕ್ಲಬ್ಬು. ಸ್ಟೀರಿಂಗ್ ನಿಮ್ಮ ಕೈಯಲ್ಲಿರುತ್ತದೆ ಅಂಕಲ್.