ಎಲ್ಲರ ಹಿಂದಿನ ಸೈಕಲ್

ಭಾನುವಾರದ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೀದಿಯ ಕೊನೆಯಲ್ಲಿರುವ ಸೈಕಲ್ ಅಂಗಡಿಯ ಶಟರ್ ಅರ್ಧಕ್ಕೆ ಎದ್ದು ನಿಂತಿದೆ. ಅದರ ಕೆಳಗಿನಿಂದ ಮೊದಲು ಪಂಪು ಹೊರಬರುತ್ತದೆ, ಆಮೇಲೆ ಪಂಚರ್ ನೋಡುವ ನೀರಿನ ಟಬ್ಬು, ಕೊನೆಗೆ ಸೊಂಟ ಹಿಡಿದುಕೊಂಡು ಅಂಗಡಿಯ ಒಡತಿ. ಶಟರ್ ಪೂರ್ತಿ ಎತ್ತಿದರೆ ಅದು ಬೀದಿಗೆಲ್ಲ ಕೇಳುವಂತೆ ಕಿರುಚುತ್ತದೆ, ಹಿಂದಿನ ಕೋಣೆಯಲ್ಲಿ ಮಲಗಿರುವ ಗಂಡನಿಗೆ ಎಚ್ಚರವಾಗುತ್ತದೆ. ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ವಾರವಿಡೀ ನಿಂತೇ ದುಡಿಯುವ ಮನುಷ್ಯ ಅವರು. "ನನ್ನ ಸೊಂಟ ಹೇಗಿದ್ರೂ ಹೋಗಿದೆ. ಅವರ ನಿದ್ದೆ ಯಾಕೆ ಕೆಡಿಸ್ಬೇಕು?" ಎನ್ನುತ್ತಾರೆ ಸೈಕಲ್ ಅಕ್ಕ.

ಚಿಕ್ಕವರು ದೊಡ್ಡವರೆನ್ನದೆ ಊರೆಲ್ಲ ಅವರನ್ನು ಕರೆಯುವುದು ಹಾಗೆಯೇ. ಗಂಡ ಕೂಡ ಕೆಲವೊಮ್ಮೆ ಬಾಯಿತಪ್ಪಿ ಅಕ್ಕ ಎಂದುಬಿಡುತ್ತಾರಂತೆ. ಆಮೇಲೆ ಒಂದು ಗಂಟೆ ಮುಖ ತೋರಿಸುವುದಿಲ್ಲವಂತೆ.

ಸೈಕಲ್ಲುಗಳು ಒಂದೊಂದಾಗಿ ಹೊರಗೆ ಬಂದು ಗೋಡೆಗೆ ಒರಗುತ್ತವೆ. ಅಕ್ಕ ಪ್ರತಿಯೊಂದರ ಟೈರನ್ನೂ ಹೆಬ್ಬೆರಳಿನಿಂದ ಒತ್ತಿ ನೋಡುತ್ತಾರೆ, ಬ್ರೇಕ್ ಹಿಡಿಯುತ್ತಾರೆ, ಚೈನಿಗೆ ಒಂದು ಹನಿ ಎಣ್ಣೆ ಬಿಡುತ್ತಾರೆ. ಕೊನೆಯದೊಂದು ಹಸಿರು ಸೈಕಲ್ಲು. ಅದಕ್ಕೆ ಗಾಳಿ ತುಂಬಿ, ಬೆಲ್ಲನ್ನು ಸೆರಗಿನ ತುದಿಯಿಂದ ಒರೆಸಿ, ಬೇರೆಯವುಗಳಿಂದ ಸ್ವಲ್ಪ ದೂರದಲ್ಲಿ ನಿಲ್ಲಿಸುತ್ತಾರೆ. "ಇದು ಟೈಲರಮ್ಮಂದು. ಇವತ್ತಾದ್ರೂ ಬರ್ತಾರೇನೋ ಅಂತ." ಟೈಲರಮ್ಮ ಸವಾರಿಗೆ ಬಾರದೆ ತಿಂಗಳಾಗಿದೆ. ಅವರು ಇವತ್ತೂ ಬರದಿದ್ದರೆ ಭಾನುವಾರದ ಈ ಸೈಕಲ್ ಸವಾರಿಯನ್ನೇ ನಿಲ್ಲಿಸಿಬಿಡಬೇಕೆಂದು ಅಕ್ಕ ಮನಸ್ಸಿನಲ್ಲೇ ತೀರ್ಮಾನಿಸಿಕೊಂಡಿದ್ದಾರೆ. "ಯಾರಿಗೂ ಹೇಳಿಲ್ಲ. ನೀವೂ ಬರೀಬೇಡಿ," ಎನ್ನುತ್ತಾರೆ. ಈ ಒಂದು ಮಾತನ್ನು ಮೀರಿದ್ದಕ್ಕೆ ಅಕ್ಕನಿಂದ ಬೈಸಿಕೊಳ್ಳುವುದು ಖಾತ್ರಿ, ಬೈಸಿಕೊಳ್ಳೋಣ.

ಅಂಗಡಿ ಅಪ್ಪನದು. ಅಪ್ಪನ ಕಣ್ಣು ಮಂಜಾದಾಗ ಸ್ಪ್ಯಾನರ್ ಹಿಡಿದ ಮಗಳು ಮತ್ತೆ ಕೆಳಗಿಡಲಿಲ್ಲ. ಶುರುವಿನಲ್ಲಿ ಗಿರಾಕಿಗಳು ಅಂಗಡಿಯೊಳಗೆ ಇಣುಕಿ, "ರಿಪೇರಿ ಮಾಡೋರು ಯಾರೂ ಇಲ್ವಾ?" ಎಂದು ಇವರನ್ನೇ ಕೇಳುತ್ತಿದ್ದರು. "ಈಗ ಬರ್ತಾರೆ ಕೂತ್ಕೊಳ್ಳಿ" ಎಂದು ಹೇಳಿ, ಅವರು ಕೂತಿರುವಾಗಲೇ ರಿಪೇರಿ ಮುಗಿಸಿ ಕೈಗೆ ಕೊಡುತ್ತಿದ್ದರಂತೆ. ಈಗ ದಿನಕ್ಕೆ ಏಳೆಂಟು ಪಂಚರು, ಒಂದೆರಡು ಬ್ರೇಕು. ಶಾಲೆ ತೆರೆಯುವ ಕಾಲದಲ್ಲಿ ಉಸಿರು ಬಿಡಲೂ ಪುರುಸೊತ್ತಿಲ್ಲ. ಹೆಬ್ಬೆರಳುಗಳ ಉಗುರುಗಳು ದಪ್ಪಗಾಗಿವೆ. ಚಳಿಗಾಲದಲ್ಲಿ ಬೆರಳ ಸಂದಿ ಬಿರಿದು ಅಡುಗೆ ಮಾಡುವಾಗ ಉಪ್ಪು ತಾಗಿ ಉರಿಯುತ್ತದೆ. ಮಗಳು ಮುಲಾಮು ಹಚ್ಚುತ್ತಾಳೆ. ಹಚ್ಚುತ್ತಲೇ ಬೈಯುತ್ತಾಳೆ.

ಭಾನುವಾರದ ಸವಾರಿ ಶುರುವಾದದ್ದು ಲಾರಿ ತಾತನಿಂದ. ಆಯಸ್ಸೆಲ್ಲ ಲಾರಿ ಓಡಿಸಿದ ಈ ಹಿರಿಯರಿಗೆ ಪಾರ್ಶ್ವವಾಯು ಹೊಡೆದು ಎಡಭಾಗ ಸೋತಿತ್ತು. ಒಂದು ದಿನ ಕೋಲೂರಿಕೊಂಡು ಅಂಗಡಿಗೆ ಬಂದು, "ಏನಮ್ಮಾ, ನನ್ನ ಕೈಗೆ ಒಂದು ಹ್ಯಾಂಡಲ್ ಕೊಡ್ತೀಯಾ? ಯಾವುದಾದ್ರೂ ಸರಿ" ಎಂದು ಕೇಳಿದರು. ಅಕ್ಕ ಹಳೆಯ ಸೈಕಲ್ಲೊಂದರ ಹಿಂದೆ ಎರಡು ಚಕ್ರ ಕೂಡಿಸಿ, ಎರಡು ಬ್ರೇಕನ್ನೂ ಬಲಗೈಗೆ ತಂದುಕೊಟ್ಟರು. ತಾತ ಒಬ್ಬರೇ ಹೋದರೆ ಭಯವೆಂದು ಜೊತೆಗೆ ತಾವೂ ಹೊರಟರು. ಅದನ್ನು ನೋಡಿ ಆಸ್ಪತ್ರೆಯ ಟೆಲಿಫೋನ್ ಆಪರೇಟರ್ ಸಾರ್ ಬಂದರು. ಅವರಿಗೆ ಹುಟ್ಟಿನಿಂದ ಕಣ್ಣಿಲ್ಲ. ಅವರಿಗಾಗಿ ಎರಡು ಸೈಕಲ್ಲುಗಳನ್ನು ಬೆಸೆದು ಉದ್ದನೆಯ ಜೋಡಿ ಸೈಕಲ್ ಆಯಿತು. ಮುಂದೆ ಕೂತು ಓಡಿಸಲು ಬೇಕರಿಯಣ್ಣ ಸಿಕ್ಕ. ಹಾಗೇ ಒಬ್ಬರ ಹಿಂದೆ ಒಬ್ಬರು ಸೇರಿ ಈಗ ಇಪ್ಪತ್ತರ ಮೇಲಿದ್ದಾರೆ. ಮಂಡಿ ನೋವಿನವರು, ಉಬ್ಬಸದವರು, ವೈದ್ಯರ ಮಾತಿಗೆ ಹೆದರಿ ಬಂದವರು, ಜೊತೆಗೆ ಗಾಳಿಯಂತೆ ಹೋಗುವ ನಾಲ್ಕೈದು ಜನ ತರುಣ ತರುಣಿಯರು.

ಜಗಳ ಶುರುವಾದದ್ದು ಈ ಗಾಳಿಯವರಿಂದಲೇ. ನಿಧಾನದವರು ಬೇರೆ, ವೇಗದವರು ಬೇರೆ ಹೋಗೋಣ ಎಂದರು. ಅಕ್ಕ ಒಪ್ಪಲಿಲ್ಲ. "ವಾರದಲ್ಲಿ ಆರು ದಿನ ಬೇರೆಬೇರೆನೇ ಹೋಗ್ತೀವಲ್ಲಪ್ಪ. ಒಂದಿನ ಒಟ್ಟಿಗೆ ಹೋದ್ರೆ ನಿಮ್ಮ ಗಂಟೇನು ಹೋಗುತ್ತೆ?" ಎಂದು ಕೇಳಿ, ಅವರಿಗೆ ಒಂದು ಕೆಲಸ ಹಚ್ಚಿದರು. ಆ ಕೆಲಸವೇ ಮೂಲೆ ಕಾಯುವುದು.

ಎಲ್ಲರಿಗಿಂತ ಮುಂದೆ ಲಾರಿ ತಾತ. ಎಲ್ಲರಿಗಿಂತ ಹಿಂದೆ ಅಕ್ಕ. ತಾತ ಒಂದು ತಿರುವಿನಲ್ಲಿ ತಿರುಗಿದ ಕೂಡಲೇ ಅವರ ಬೆನ್ನಿಗಿರುವ ವೇಗದ ಸವಾರ ಅಲ್ಲೇ ಇಳಿದು, ಬಂದವರಿಗೆಲ್ಲ ದಾರಿ ತೋರಿಸುತ್ತ ನಿಲ್ಲಬೇಕು. ಅಕ್ಕ ದಾಟಿದ ಮೇಲಷ್ಟೇ ಮೂಲೆ ಬಿಟ್ಟು, ಎಲ್ಲರನ್ನೂ ಹಿಂದೆ ಹಾಕಿ, ಮತ್ತೆ ತಾತನ ಬೆನ್ನು ಹಿಡಿಯಬೇಕು. ಹೀಗೆ ವೇಗದವರಿಗೆ ವೇಗವೂ ಸಿಕ್ಕಿತು, ನಿಧಾನದವರಿಗೆ ದಾರಿಯೂ ತಪ್ಪಲಿಲ್ಲ. ದೂರದಿಂದ ಗುರುತು ಸಿಗಲೆಂದು ಅಕ್ಕ ಹೆಗಲ ಮೇಲೊಂದು ಕೆಂಪು ಬಟ್ಟೆ ಹೊದೆಯುತ್ತಿದ್ದರು. ಕೆಂಪು ದಾಟಿತೆಂದರೆ ಎಲ್ಲರೂ ದಾಟಿದರೆಂದೇ ಲೆಕ್ಕ. ವರ್ಷಗಟ್ಟಲೆ ಇದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಟೈಲರಮ್ಮ ಸೇರಿದ್ದು ಕಳೆದ ವರ್ಷ. ಅರವತ್ತು ಹತ್ತಿರವಾದ ಹೆಂಗಸು, ಹೊಲಿಗೆ ಯಂತ್ರ ತುಳಿದು ಗಟ್ಟಿಯಾದ ಕಾಲು. ಸೈಕಲ್ ತುಳಿಯುವುದನ್ನು ಎರಡೇ ವಾರದಲ್ಲಿ ಕಲಿತರು. ಆದರೆ ಹತ್ತುವುದು ಮಾತ್ರ ಇವತ್ತಿಗೂ ಬರುವುದಿಲ್ಲ. ಯಾರಾದರೂ ಸೀಟು ಹಿಡಿದುಕೊಂಡು ಒಂದಿಷ್ಟು ನೂಕಿ ಬಿಟ್ಟರೆ ಹಾಯಾಗಿ ಹೋಗುತ್ತಾರೆ. ಇಳಿದರೋ, ಮುಗಿಯಿತು, ಮತ್ತೊಬ್ಬರು ಬರುವವರೆಗೆ ಸೈಕಲ್ ಹಿಡಿದು ನಿಲ್ಲಬೇಕು. ಹೀಗಾಗಿ ಅವರು ಇಳಿಯುವುದೇ ಕಡಿಮೆ.

ತಿಂಗಳ ಹಿಂದೆ ಒಂದು ಭಾನುವಾರ ಜೋಡಿ ಸೈಕಲ್ಲಿನ ಚೈನು ಕಳಚಿತು. ಅಕ್ಕ ನಿಂತರು. ಟೈಲರಮ್ಮ ನಿಲ್ಲುವಂತಿರಲಿಲ್ಲ, "ನಾನು ಮೆಲ್ಲಗೆ ಹೋಗ್ತಿರ್ತೀನಿ ಕಣೆ" ಎಂದು ಮುಂದೆ ಸಾಗಿದರು. ಬಗ್ಗಿ ಚೈನು ಎತ್ತುವಾಗ ಕೆಂಪು ಬಟ್ಟೆ ಪದೇಪದೇ ಎಣ್ಣೆಗೆ ಇಳಿಬೀಳುತ್ತಿತ್ತು. ಅಕ್ಕ ಅದನ್ನು ತೆಗೆದು ಆಪರೇಟರ್ ಸಾರ್ ಕೈಗೆ ಕೊಟ್ಟರು. ಅವರು ಜೋಪಾನವಾಗಿರಲೆಂದು ತಮ್ಮ ಹೆಗಲಿಗೆ ಹಾಕಿಕೊಂಡರು. ಚೈನು ಕೂತಿತು. ಅಕ್ಕ ಸ್ಪ್ಯಾನರ್ ಎತ್ತಿಡುತ್ತಿರುವಾಗಲೇ, ಹಿಂದೆ ಬಿದ್ದೆವಲ್ಲ ಎಂದು ಬೇಕರಿಯಣ್ಣ ಹಿಂತಿರುಗಿ ನೋಡದೆ ತುಳಿದ. ಕೆಂಪು ಬಟ್ಟೆ ಗಾಳಿಗೆ ಹಾರಾಡಿಸಿಕೊಂಡು ಜೋಡಿ ಸೈಕಲ್ಲು ಟೈಲರಮ್ಮನನ್ನೂ ದಾಟಿ, ಮೂಲೆಮೂಲೆಯನ್ನೂ ದಾಟಿ ಹೋಯಿತು. ಮೂಲೆ ಕಾಯುತ್ತಿದ್ದವರು ಕೆಂಪು ದಾಟಿತೆಂದು ಒಬ್ಬೊಬ್ಬರಾಗಿ ಹೊರಟುಬಿಟ್ಟರು.

"ಅದು ಕೆಂಪೋ ಹಳದಿಯೋ ನನಗೇನ್ ಗೊತ್ತು ಹೇಳಿ. ಬಟ್ಟೆ ಅಂತ ಹಾಕ್ಕೊಂಡೆ," ಎನ್ನುತ್ತಾರೆ ಆಪರೇಟರ್ ಸಾರ್. ನಗಿಸಲೆಂದೇ ಹೇಳುತ್ತಾರೆ, ಅವರಿಗೇ ನಗು ಬರುವುದಿಲ್ಲ.

ಉಗ್ರಾಣದ ಹತ್ತಿರದ ತಿರುವಿಗೆ ಟೈಲರಮ್ಮ ಬಂದಾಗ ಅಲ್ಲಿ ಯಾರೂ ಇರಲಿಲ್ಲ. ಯಾರೂ ಇಲ್ಲವೆಂದರೆ ನೇರ ಹೋಗಬೇಕೆಂದು ಅವರು ತಿಳಿದಿದ್ದ ನಿಯಮ. ನೇರ ಹೋದರು. ಅಕ್ಕ ಆಮೇಲೆ ಬಂದು ಎಂದಿನ ದಾರಿಯಲ್ಲಿ ಬಲಕ್ಕೆ ತಿರುಗಿದರು, ಟೈಲರಮ್ಮ ಮುಂದಿದ್ದಾರೆ ಎಂಬ ಧೈರ್ಯದಲ್ಲಿ. ಕಾಲುವೆಯ ಸೇತುವೆ ಸೇರಿ, ಬೇಕರಿಯಣ್ಣ ಎಲ್ಲರ ಕೈಗೂ ಬನ್ ಹಂಚಿದ ಮೇಲೆ ಒಂದು ಉಳಿಯಿತು. "ಟೈಲರಮ್ಮ ಎಲ್ಲಿ?" ಎಂದು ಮೊದಲು ಕೇಳಿದ್ದು ಲಾರಿ ತಾತ. ಅಕ್ಕ ಆಗಲೇ ಸೈಕಲ್ ತಿರುಗಿಸಿಯಾಗಿತ್ತು.

ಬಹಳ ಹೊತ್ತು ಹುಡುಕಿದ ಮೇಲೆ ಸಿಕ್ಕರು, ಬಟಾಬಯಲಿನ ರಸ್ತೆಯಲ್ಲಿ, ಸೈಕಲ್ ತಳ್ಳಿಕೊಂಡು. ದಾರಿ ಕೇಳಲೆಂದು ಇಳಿದಿದ್ದರು, ಮತ್ತೆ ಹತ್ತಲಾಗಿರಲಿಲ್ಲ. ಚಪ್ಪಲಿಯ ಪಟ್ಟಿ ಕಿತ್ತು, ಒಂದು ಕಾಲು ಬರಿಗಾಲಾಗಿತ್ತು. ಅಕ್ಕನನ್ನು ನೋಡಿ "ಬಂದ್ಯಾ" ಎಂದರು, ಅಷ್ಟೇ. ಸೀಟು ಹಿಡಿಯಲು ಹೋದರೆ ಕೈ ಸರಿಸಿದರು. ಇಡೀ ದಾರಿ ನಡೆದೇ ಬಂದರು. ಅಕ್ಕನೂ ತಮ್ಮ ಸೈಕಲ್ ತಳ್ಳಿಕೊಂಡು ಪಕ್ಕದಲ್ಲೇ ನಡೆದರು. ಅಂಗಡಿಯ ಮುಂದೆ ಹಸಿರು ಸೈಕಲ್ಲನ್ನು ಬಿಟ್ಟು ಟೈಲರಮ್ಮ ಮನೆಗೆ ಹೋದರು.

ಸಂಜೆ ಅವರ ಮಗ ಬಂದ. ಕೂಗಾಡಲಿಲ್ಲ, ಕೂಗಾಡಿದ್ದರೆ ಚೆನ್ನಾಗಿತ್ತು ಎನ್ನುತ್ತಾರೆ ಅಕ್ಕ. "ಅಮ್ಮನ ಕಾಲು ಊದಿದೆ. ನೋಡ್ಕೊಳ್ಳೋಕೆ ಆಗಲ್ಲ ಅಂದ್ಮೇಲೆ ಯಾಕೆ ಕರ್ಕೊಂಡು ಹೋಗ್ತೀರಿ?" ಎಂದು ಕೇಳಿದ. ಈಗಲೂ ಆ ಮಾತು ಹೇಳುವಾಗ ಅಕ್ಕ ಎದುರಿನವರ ಮುಖ ನೋಡುವುದಿಲ್ಲ, ಸ್ಪ್ಯಾನರ್ ಒರೆಸುತ್ತಾರೆ. "ಅವನು ಕೇಳಿದ್ದು ಸರಿಯಾಗೇ ಇತ್ತು. ಬಟ್ಟೆ ಬಿಚ್ಚಿ ಕೊಟ್ಟೋಳು ನಾನು. ಅವರು ನೇರ ಹೋದ ರಸ್ತೆ ಪಕ್ಕದಲ್ಲೇ ನಾನು ತಿರುಗಿ ಹೋಗಿದ್ದೀನಿ. ಕೊನೇಲಿ ಇರೋಳಿಗೆ ಇರೋದು ಒಂದೇ ಕೆಲಸ. ಅದೇ ಮಾಡ್ಲಿಲ್ಲ."

ಕ್ಷಮೆ ಕೇಳಲು ಮನೆಗೆ ಹೋದಾಗ ಟೈಲರಮ್ಮ ಯಂತ್ರದಿಂದ ತಲೆಯೆತ್ತಲಿಲ್ಲ. ಅಕ್ಕನದು ಕೈ ಮುಗಿದು ಬಂದುಬಿಡುವ ಸ್ವಭಾವವಲ್ಲ. ಮತ್ತೆ ಹೋಗಲು ನೆಪ ಬೇಕಲ್ಲ, ಅದಕ್ಕೆ ಸೈಕಲ್ಲಿಗೊಂದು ಸೀಟ್ ಕವರ್ ಹೊಲಿಸಲು ಕೊಟ್ಟರು. ಎರಡು ದಿನ ಬಿಟ್ಟು ಮತ್ತೊಂದು. ಆಮೇಲೆ ಮತ್ತೊಂದು. ಟೈಲರಮ್ಮ ಮಾತಿಲ್ಲದೆ ಅಳತೆ ತೆಗೆದುಕೊಳ್ಳುವುದು, ಮಾತಿಲ್ಲದೆ ಹೊಲಿದು ಕೊಡುವುದು. ಮೊನ್ನೆ ಗುರುವಾರ ಮಾತ್ರ ಬಾಯಿ ಬಿಟ್ಟರು. "ಇನ್ನೆಷ್ಟು ಕವರ್ ಹೊಲಿಸ್ತೀಯೆ? ನಿನ್ನ ಅಂಗಡೀಲಿ ಅಷ್ಟು ಸೈಕಲ್ಲೇ ಇಲ್ಲ." ಅದಾದ ಮೇಲೆ ಕಣ್ಣು ದಾರದ ಮೇಲೇ ಇಟ್ಟುಕೊಂಡು ಇನ್ನೊಂದು ಮಾತು ಹೇಳಿದರು: "ದಾರಿ ತಪ್ಪಿದ್ದಕ್ಕೆ ಬೇಜಾರಿಲ್ಲ. ನಾನಿಲ್ಲ ಅಂತ ಗೊತ್ತಾಗೋಕೆ ಬನ್ ಉಳೀಬೇಕಾಯ್ತಲ್ಲ, ಅದಕ್ಕೆ."

ಅಂದು ರಾತ್ರಿ ಅಕ್ಕ ಊಟ ಮಾಡಲಿಲ್ಲವೆಂದು ಮಗಳು ಹೇಳುತ್ತಾಳೆ.

ಈಗ ಬೀದಿಯಲ್ಲಿ ಬೆಳಕು ಬಿದ್ದಿದೆ. ಲಾರಿ ತಾತ ಮುಂದೆ ನಿಂತು ಹಾರನ್ ಒತ್ತುತ್ತಿದ್ದಾರೆ. ಅದೂ ಲಾರಿಯದೇ ಹಾರನ್, ಹಟ ಮಾಡಿ ಹಾಕಿಸಿಕೊಂಡದ್ದು. ಎಲ್ಲರೂ ಬಂದಿದ್ದಾರೆ. ಹೊರಡುವ ಹೊತ್ತು ಮೀರುತ್ತಿದೆ. ಅಕ್ಕ ಇಲ್ಲದ ಕೆಲಸ ಹುಡುಕಿಕೊಂಡು ಒಂದು ನಟ್ಟನ್ನು ಬಿಗಿಮಾಡುತ್ತಾರೆ, ಅದನ್ನೇ ಸಡಿಲ ಮಾಡುತ್ತಾರೆ. "ಇನ್ನು ಹೊರಡೋಣ ಅಕ್ಕ" ಎಂದು ಯಾರೋ ಮೆಲ್ಲಗೆ ಹೇಳಿದಾಗ ಹೂಂ ಎಂದು ಏಳುತ್ತಾರೆ.

ಬೀದಿಯ ತಿರುವಿನಲ್ಲಿ ಟೈಲರಮ್ಮ ಕಾಣಿಸುತ್ತಾರೆ. ಹೊಸ ಚಪ್ಪಲಿ. ಪಕ್ಕದಲ್ಲಿ ಗಂಟುಮುಖದ ಮಗ. ತಾತ ಹಾರನ್ನಿನಿಂದ ಕೈ ತೆಗೆಯುತ್ತಾರೆ. ಮಗ ನೇರ ಅಕ್ಕನ ಮುಂದೆ ಬಂದು ನಿಲ್ಲುತ್ತಾನೆ. "ಮಧ್ಯಾಹ್ನ ಊಟಕ್ಕೆ ಅಮ್ಮ ಮನೇಲಿರ್ಬೇಕು," ಎನ್ನುತ್ತಾನೆ. "ಇರ್ತಾರಪ್ಪ," ಎನ್ನುತ್ತಾರೆ ಅಕ್ಕ. ಹಸಿರು ಸೈಕಲ್ಲನ್ನು ತಳ್ಳಿಕೊಂಡು ಬಂದು ಟೈಲರಮ್ಮನ ಮುಂದೆ ನಿಲ್ಲಿಸುತ್ತಾರೆ.

"ಟೈಲರಮ್ಮ, ಹತ್ತೋದು ಕಲಿಸ್ತೀನಿ. ದಿನಾ ಸಂಜೆ ಬನ್ನಿ. ಆಮೇಲೆ ಯಾರಿಗೂ ಕಾಯೋ ಹಾಗಿರಲ್ಲ."

"ಕಲೀತೀನಿ ಬಿಡೆ, ಅದಕ್ಕೇನು ಅವಸರ. ಒಬ್ಬಳೇ ಹತ್ತಿ ಒಬ್ಬಳೇ ಹೋಗೋ ಹಾಗಿದ್ರೆ ಇಷ್ಟು ಬೆಳಿಗ್ಗೆ ನಿಮ್ಮ ಜೊತೆ ಯಾಕೆ ಸಾಯ್ಲಿ? ಈಗ ಹಿಡ್ಕೋ."

ಸೀಟು ಹಿಡಿಯಲು ಅಕ್ಕನಿಗಿಂತ ಮೊದಲು ಬೇಕರಿಯಣ್ಣ ಓಡಿ ಬರುತ್ತಾನೆ. ಅವನನ್ನು ಪಕ್ಕಕ್ಕೆ ತಳ್ಳಿ ಅಕ್ಕನೇ ಹಿಡಿಯುತ್ತಾರೆ.

ಕೆಂಪು ಬಟ್ಟೆ ಈಗಿಲ್ಲ. ಅದನ್ನು ಅಕ್ಕ ಅಂಗಡಿಯಲ್ಲಿ ಎಣ್ಣೆ ಒರೆಸಲು ಹಾಕಿಕೊಂಡಿದ್ದಾರೆ. ಹೊಸ ಪದ್ಧತಿ ಬೇರೆಯೇ ಇದೆ. ಹೊರಡುವ ಮುನ್ನ ಪ್ರತಿಯೊಬ್ಬರೂ ತಿರುಗಿ ತಮ್ಮ ಹಿಂದಿರುವವರನ್ನು ನೋಡಿಕೊಳ್ಳಬೇಕು. ಯಾವ ತಿರುವಿನಲ್ಲೂ ಅವರ ಮುಖ ಕಾಣುವವರೆಗೆ ಮುಂದೆ ಹೋಗುವಂತಿಲ್ಲ. "ಬಟ್ಟೆ ನೋಡ್ಬೇಡಿ, ಮನುಷ್ಯರನ್ನ ನೋಡಿ" ಎಂದು ಅಕ್ಕ ಹೇಳಿಕೊಟ್ಟಿದ್ದಾರೆ. ಆಪರೇಟರ್ ಸಾರ್ ಹೇಗೆ ನೋಡುವುದು ಎಂಬ ಪ್ರಶ್ನೆ ಎದ್ದಿತಂತೆ. ತಮ್ಮ ಹಿಂದಿನವರು ಹಾಡಿಕೊಂಡೇ ಬರಬೇಕೆಂದು ಅವರು ಷರತ್ತು ಹಾಕಿದ್ದಾರೆ. ಇವತ್ತು ಅವರ ಹಿಂದೆ ಟೈಲರಮ್ಮ. ದನಿ ಅಷ್ಟಕ್ಕಷ್ಟೇ. ಆದರೂ ದಾರಿಯುದ್ದಕ್ಕೂ ಹಾಡು ನಿಲ್ಲುವುದಿಲ್ಲ.

ಸವಾರಿ ನಿಧಾನವಾಗಿದೆ. ಪ್ರತಿ ತಿರುವಿನಲ್ಲೂ ಜನ ಕುತ್ತಿಗೆ ತಿರುಗಿಸಿ ನಿಲ್ಲುತ್ತಾರೆ, ಟೈಲರಮ್ಮ ಇಳಿದಾಗಲೆಲ್ಲ ಯಾರೋ ಒಬ್ಬರು ಸೀಟು ಹಿಡಿಯುತ್ತಾರೆ. ಗಾಳಿಯವರು ಗೊಣಗುವುದಿಲ್ಲ. ಕಾಲುವೆಯ ಸೇತುವೆಯ ಮೇಲೆ, ನಿಮಗೇನು ಬೇಕು ಎಂದು ಅಕ್ಕನನ್ನು ಕೇಳಿದರೆ ಅವರಿಗೆ ಪ್ರಶ್ನೆಯೇ ಅರ್ಥವಾಗುವುದಿಲ್ಲ. ಯೋಚಿಸಿ, "ಸೊಂಟ ಇನ್ನೊಂದಿಷ್ಟು ವರ್ಷ ತಡೀಲಿ," ಎನ್ನುತ್ತಾರೆ. "ಬರೋ ವಾರ ಉಬ್ಬಸದವರು ಇನ್ನಿಬ್ಬರು ಬರ್ತಾರಂತೆ."

ವಾಪಸ್ ಬರುವಾಗ, ಉಗ್ರಾಣದ ತಿರುವಿನಲ್ಲಿ ಅಕ್ಕ ಸೈಕಲ್ ನಿಲ್ಲಿಸುತ್ತಾರೆ. ಒಂದು ಕಾಲು ನೆಲಕ್ಕೂರಿ, ಬಂದ ದಾರಿಯತ್ತ ತಿರುಗಿ ನೋಡುತ್ತಾರೆ. ಬಿಸಿಲೇರಿದ ರಸ್ತೆ ಕೊನೆಯವರೆಗೂ ಖಾಲಿ. ಮುಂದಿನಿಂದ ಟೈಲರಮ್ಮ ಹಾಡು ನಿಲ್ಲಿಸಿ ಕೂಗುತ್ತಾರೆ, "ಏನೇ ಅದು, ಅಷ್ಟು ಹೊತ್ತು ನೋಡ್ತಿದ್ದೀಯಾ? ಯಾರಿದ್ದಾರೆ ಅಲ್ಲಿ?"

"ಯಾರೂ ಇಲ್ಲ ಟೈಲರಮ್ಮ," ಎಂದು ಅಕ್ಕ ಕೂಗಿ ಹೇಳುತ್ತಾರೆ. ಆಮೇಲೆ ತಮಗೇ ಹೇಳಿಕೊಳ್ಳುವಂತೆ ಇನ್ನೊಮ್ಮೆ, "ಯಾರೂ ಉಳಿದಿಲ್ಲ."